ಕಣದಕ್ಕನ ಹೆಬ್ಬೆರಳು

ಹಾಡು ಕೇಳುವಾಗ ಅವರ ಬಲಗಾಲಿನ ಹೆಬ್ಬೆರಳು ನೆಲ ಬಿಟ್ಟು ಮೇಲೇಳುತ್ತಿತ್ತು. ಉಳಿದ ನಾಲ್ಕು ಬೆರಳು, ಸೀಳುಬಿಟ್ಟ ಹಿಮ್ಮಡಿ, ಕಾಫಿಬೀಜದ ಹೊಟ್ಟು ಮೆತ್ತಿದ ಪಾದ ಎಲ್ಲವೂ ಕಣದ ಸಿಮೆಂಟಿಗೆ ಅಂಟಿಕೊಂಡೇ ಇರುತ್ತಿದ್ದವು. ಹೆಬ್ಬೆರಳೊಂದು ಮಾತ್ರ ಗಾಳಿಯಲ್ಲಿ ನಿಂತು ಕಾಯುತ್ತಿತ್ತು. ಮೃದಂಗದ ಮೊದಲ ಪೆಟ್ಟು ಬಿದ್ದಾಗ ಅದು ಕೆಳಗಿಳಿಯುತ್ತಿತ್ತು. ಅದು ಇಳಿದ ಮೇಲೆಯೇ ಕಣದಲ್ಲಿ ಕೆಲಸ.

ಕಳಸದಿಂದ ಜೀಪಿನಲ್ಲಿ ಮುಕ್ಕಾಲು ಗಂಟೆಯ ದಾರಿಯ ಎಸ್ಟೇಟೊಂದರಲ್ಲಿ ನನ್ನ ತಂದೆ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವ ಕೆಲಸ. ಈ ಹೆಬ್ಬೆರಳಿನವರು ಅಲ್ಲಿಯ ಕಣದ ಹಿರಿಯಾಳು. ಎಲ್ಲರಿಗೂ ಕಣದಕ್ಕ. ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು, ಬಿಸಿಲಿಗೆ ಹರಡಿ, ಉದ್ದ ಹಿಡಿಯ ಮರದ ಹಲಗೆಗಳಿಂದ ಆಗಾಗ ತಿರುವಿಹಾಕಬೇಕು. ತಿರುವುವುದು ತಡವಾದರೆ ಬೀಜಕ್ಕೆ ವಾಸನೆ ಹಿಡಿಯುತ್ತದೆ. ಒಣಗಿದೆಯೋ ಇಲ್ಲವೋ ಎಂಬುದನ್ನು ಅವರು ಒಂದು ಬೀಜ ಹಲ್ಲಿಗಿಟ್ಟು ಹೇಳುತ್ತಿದ್ದರು. ಅದರ ಮೇಲೆ ಮಾಲೀಕರೂ ಎರಡನೆಯ ಮಾತಾಡುತ್ತಿರಲಿಲ್ಲ.

ಗೋದಾಮಿನ ಕಿಟಕಿಯಲ್ಲಿ ನನ್ನ ತಂದೆಯ ರೇಡಿಯೊ ಇತ್ತು. ಅದರಿಂದ ಹೊರಟ ತಾಮ್ರದ ತಂತಿ ಪಕ್ಕದ ಸಿಲ್ವರ್ ಓಕ್ ಮರದ ತುದಿಗೆ ಹೋಗಿತ್ತು. ಬೆಳಗಿನ ಶಾಸ್ತ್ರೀಯ ಸಂಗೀತದ ಹೊತ್ತಿಗೆ ಸರಿಯಾಗಿ ಕಣಕ್ಕೆ ಬಿಸಿಲು ಬರುತ್ತಿತ್ತು. ಹಲಗೆ ಎಳೆದರೆ ಗರಗರ ಸದ್ದಿನಲ್ಲಿ ಆಲಾಪನೆ ಕೇಳಿಸುವುದಿಲ್ಲ. ಆದ್ದರಿಂದ ಕಣದಕ್ಕ ಒಂದು ಕ್ರಮ ಮಾಡಿದ್ದರು: ಆಲಾಪನೆ ಮುಗಿಯುವವರೆಗೆ ಹಲಗೆ ಅಲುಗಬಾರದು, ಮೃದಂಗ ಸೇರಿದೊಡನೆ ಹನ್ನೆರಡು ಹಲಗೆಗಳೂ ಒಟ್ಟಿಗೆ ಹೊರಡಬೇಕು. ಹನ್ನೆರಡು ಹೆಂಗಸರು ಹಲಗೆಯ ಹಿಡಿಗೆ ಗಲ್ಲ ಊರಿ ಒಂದು ಹೆಬ್ಬೆರಳನ್ನೇ ನೋಡುತ್ತ ನಿಂತಿರುವ ಸಭೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಮೇಸ್ತ್ರಿಗೆ ಇದು ಹಿಡಿಸುತ್ತಿರಲಿಲ್ಲ. "ಎಂತ ಮಾರಾಯ್ತಿ, ಹಾಜರಿ ಹಾಕ್ಬೇಕಾದ್ದು ಹಾಡಿಗಾ, ಕೆಲಸಕ್ಕಾ?"

"ಪಾರ್ಚ್‌ಮೆಂಟು ನೋಡಿ ಮೇಸ್ತ್ರಿಗಳೇ. ಒಣಗಿದ್ರೆ ಎರಡಕ್ಕೂ ಹಾಕಿ."

ಅವರಿಗೆ ಅಕ್ಷರ ಬರುತ್ತಿರಲಿಲ್ಲ. ರಾಗಗಳನ್ನು ಮಾತ್ರ ಗುರುತಿಸುತ್ತಿದ್ದರು, ತಮ್ಮದೇ ಹೆಸರುಗಳಿಂದ. ಒಂದು 'ಮಂಜು ಬಿಡೋದು'. ಒಂದು 'ಟಾರ್ಪಾಲಿನದು', ಅದು ಬಂದ ದಿನವೇ ಎರಡು ಸಲ ಅಕಾಲದ ಮಳೆ ಬಂದು, ಕಣಕ್ಕೆ ಟಾರ್ಪಾಲು ಹೊದಿಸಲು ಎಲ್ಲರೂ ಓಡಬೇಕಾಯಿತಂತೆ. ಇನ್ನೊಂದು 'ಬಿಸಿನೀರಿನದು', ಕೆಲಸ ಬಿಟ್ಟು ಮನೆಗೆ ಹೋಗಿ ಮೈಗೆ ಬಿಸಿನೀರು ಹೊಯ್ದುಕೊಂಡ ಹಾಗಾಗುತ್ತದೆ ಎಂದು. ಇಂಥವು ಹತ್ತಾರು ಇದ್ದವು. ಹಾಡುವವರು ಬೇರೆ, ಹಾಡು ಬೇರೆ, ಭಾಷೆ ಬೇರೆಯಾದರೂ ಎರಡು ಎಳೆ ಕೇಳುವುದರೊಳಗೆ "ಇದು ನಮ್ಮ ಬಿಸಿನೀರಿನದೇ" ಎನ್ನುತ್ತಿದ್ದರು. ಒಮ್ಮೆಯೂ ತಪ್ಪಿದ್ದನ್ನು ನಾನು ಕೇಳಿಲ್ಲ.

ನಾನು ಚಿಕ್ಕಮಗಳೂರಿನಲ್ಲಿ ಕಾಲೇಜಿಗೆ ಸೇರಿ ಚರ್ಚಾಸ್ಪರ್ಧೆಗಳಲ್ಲಿ ಮಾತಾಡತೊಡಗಿದೆ. ಶಾಸ್ತ್ರೀಯ ಸಂಗೀತ ಕೆಲವರ ಸ್ವತ್ತಲ್ಲ, ಎಲ್ಲರದು ಎಂಬುದು ನನ್ನ ಪಕ್ಷ. ಅದಕ್ಕೆ ಸಾಕ್ಷಿಯಾಗಿ ಕಣದಕ್ಕನನ್ನು ವೇದಿಕೆಯಿಂದ ವೇದಿಕೆಗೆ ಕೊಂಡೊಯ್ದೆ. "ಅಕ್ಷರ ಬಾರದ ಕಾರ್ಮಿಕಳೊಬ್ಬಳು ಆಲಾಪನೆಗಾಗಿ ದುಡಿಮೆ ನಿಲ್ಲಿಸುತ್ತಾಳೆ" ಎಂದಾಗ ತೀರ್ಪುಗಾರರು ತಲೆಯಾಡಿಸುತ್ತಿದ್ದರು. ಗೆದ್ದ ಕಪ್ಪನ್ನು ತಂದು ತೋರಿಸಿದಾಗ ಅವರು ತಿರುಗಿಸಿ ನೋಡಿ, "ಇದ್ರಲ್ಲಿ ಕಾಫಿ ಕುಡೀಬಹುದಾ ಸಣ್ಣ ರೈಟ್ರೇ?" ಎಂದರು. ರೈಟರ ಮಗನಾದ ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ.

ತಂದೆಯ ರೇಡಿಯೊ ಕೆಟ್ಟಿತು. ಕಳಸದಲ್ಲಿ ರಿಪೇರಿ ಮಾಡುವವರು ಉಳಿದಿರಲಿಲ್ಲ. ಋಣ ತೀರಿಸುವ ಕಾಲ ಬಂತೆಂದುಕೊಂಡು ನಾನು ಒಂದು ಫೋನನ್ನೂ ಪುಟ್ಟ ಸ್ಪೀಕರನ್ನೂ ತಂದುಕೊಟ್ಟೆ. ಸಂಗೀತದ ಆ್ಯಪು ಹಾಕಿ ಕಣದ ನಡುವೆ ನಿಂತು ವಿವರಿಸಿದೆ: ಇನ್ನು ಯಾರೂ ರೇಡಿಯೊದ ಹೊತ್ತಿಗೆ ಕಾಯಬೇಕಾಗಿಲ್ಲ, ಬೇಕಾದ ಗಾಯಕರು, ಬೇಕಾದ ರಾಗ, ಬೇಕೆಂದಾಗ. ನಾನು ಆಡಿದ ಒಂದೊಂದು ಮಾತನ್ನೂ ಆ ದಿನ ನಂಬಿದ್ದೆ.

"ಬೆಳಗ್ಗೆ ಹಾಡೋದನ್ನ ಬಯ್ಗಿಗೂ ಹಾಡ್ತಾರಾ?" ಎಂದು ಕಣದಕ್ಕ ಕೇಳಿದರು. "ಪಾಪ, ಅವ್ರಿಗೆ ಮನೆ ಇಲ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಲಾಪನೆ ಮುಗಿಯುವ ಮೊದಲೇ ಜಾಹೀರಾತು ಬಂದರೆ ಹಲಗೆ ಹಿಡಿದವರು ಹೊರಡಬೇಕೋ ನಿಲ್ಲಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಕೆಲವೇ ತಿಂಗಳಲ್ಲಿ ಕಿರಿಯ ಹೆಂಗಸರು ತಮ್ಮ ತಮ್ಮ ಫೋನಿಗೆ ಇಯರ್‌ಫೋನು ಸಿಕ್ಕಿಸಿ ತಮಗೆ ಬೇಕಾದ್ದನ್ನು ಕೇಳತೊಡಗಿದರು. ಆಯ್ಕೆಯೇ ಸ್ವಾತಂತ್ರ್ಯ ಎಂದು ನಾನು ಅದನ್ನೂ ಸಮರ್ಥಿಸಿದೆ. ಹಲಗೆಗಳು ಹನ್ನೆರಡು ದಿಕ್ಕಿಗೆ, ಹನ್ನೆರಡು ಹೊತ್ತಿಗೆ ಓಡಾಡಿದವು. ಹೆಬ್ಬೆರಳನ್ನು ನೋಡುವವರು ಯಾರೂ ಉಳಿಯಲಿಲ್ಲ.

ಆದರೆ ಆ ಹೊಣೆಯನ್ನು ಕಾಲದ ಮೇಲೆ ಹೊರಿಸಬಹುದು. ಮುಂದಿನದಕ್ಕೆ ನಾನೊಬ್ಬನೇ ಕಾರಣ.

ಫೋನಿನ ಪರದೆಯ ಮೇಲೆ ರಾಗದ ಹೆಸರು ಬರುತ್ತಿತ್ತು. ದುಡಿಯುವವರಿಗೂ ಈ ಜ್ಞಾನ ದಕ್ಕಬೇಕು ಎಂಬ ಹಂಬಲದಿಂದ ನಾನು ಒಂದು ನೋಟ್‌ಬುಕ್ಕಿನಲ್ಲಿ ಅವರು ಗುರುತಿಸಬಲ್ಲ ಮೂವತ್ತು ರಾಗಗಳ ಹೆಸರು ಬರೆದುಕೊಂಡು, ರಜೆಗೆ ಊರಿಗೆ ಬಂದಾಗ ದಿನವೂ ಕಣಕ್ಕೆ ಹೋಗಿ ಪಾಠ ಹೇಳಿದೆ.

"ಇದು ಮಂಜು ಬಿಡೋದು," ಎಂದರು ಮೊದಲ ದಿನ.

"ಹಾಗನ್ನಬಾರದು ಅಕ್ಕ. ಇದು ಬಿಲಹರಿ."

"ಬಿಲಹರಿ," ಎಂದು ಅವರು ತಲೆಯಾಡಿಸಿದರು. ಮರುದಿನ ಬಾಯಿ ತಪ್ಪಿ ಮತ್ತೆ ಮಂಜು ಎಂದರು. ಎಲ್ಲರೆದುರಿಗೆ ತಿದ್ದಿದೆ. ಮೂರನೆಯ ಸಲ ತಿದ್ದಿದಾಗ ಕಿರಿಯಳೊಬ್ಬಳು ಕಿಸಕ್ಕನೆ ನಕ್ಕಳು. ಅಂದಿನಿಂದ ಕಣದಕ್ಕ ಹಾಡು ಶುರುವಾದರೆ ಮೊದಲು ನನ್ನ ಮುಖ ನೋಡುತ್ತಿದ್ದರು. ಅದನ್ನು ನಾನು ಕಲಿಯುವ ಆಸಕ್ತಿ ಎಂದು ತಿಳಿದೆ.

ಆ ಬೇಸಿಗೆಯಲ್ಲಿ ಗೆಳೆಯರೊಂದಿಗೆ ಸೇರಿ ಕಳಸದಲ್ಲಿ ಒಂದು ಸಂಗೀತ ಶ್ರವಣದ ಸಭೆ ನಡೆಸಿದೆ. ಕಣದಕ್ಕನಿಗೆ ಶಾಲು ಹೊದಿಸಿ, ಸ್ಪೀಕರಿನಲ್ಲಿ ಒಂದು ಆಲಾಪನೆ ಹಾಕಿ, ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದು, "ಇದು ಯಾವ ರಾಗ, ಸಭೆಗೆ ಹೇಳಿ ಅಕ್ಕ" ಎಂದೆ. ಬಿಲಹರಿಯೇ. ಬೇಕೆಂದೇ ಸುಲಭದ್ದನ್ನು ಆರಿಸಿದ್ದೆ.

ಮಗಳಿಂದ ಎರವಲು ತಂದ, ಬೆರಳು ಮುಚ್ಚುವ ಚಪ್ಪಲಿ ಹಾಕಿದ್ದರು. ಅದನ್ನೇ ನೋಡುತ್ತ ನಿಂತರು. ತುಟಿ ಒಂದು ಸಲ 'ಮ' ಎಂಬಂತೆ ಕೂಡಿತು, ಬಿಟ್ಟಿತು. ಕೊನೆಗೆ, "ನಂಗೆ ಗೊತ್ತಿಲ್ಲ. ನೀವೇ ಹೇಳಿ," ಎಂದರು. ಸಭೆ ಕರುಣೆಯಿಂದ ಚಪ್ಪಾಳೆ ತಟ್ಟಿತು.

ವಾಪಸು ಬರುವಾಗ ಜೀಪಿನಲ್ಲಿ ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಅವರು ಮೆಲ್ಲಗೆ ಹೇಳಿದರು: "ಈಗೀಗ ಹಾಡು ಶುರುವಾದ ಕೂಡ್ಲೇ ಎದೆ ಡವಡವ ಅನ್ನುತ್ತೆ ಸಣ್ಣ ರೈಟ್ರೇ. ತಪ್ಪು ಹೇಳಿಬಿಟ್ರೆ ಅಂತ. ಆಮೇಲೆ ಎಂತದ್ದೂ ಕೇಳ್ಸೋದೇ ಇಲ್ಲ."

ಅಭ್ಯಾಸವಾದರೆ ಸರಿಹೋಗುತ್ತದೆ ಎಂದೆ. ನನ್ನಲ್ಲಿ ಯಾವುದಕ್ಕೂ ಉತ್ತರ ಸಿದ್ಧವಿರುತ್ತಿತ್ತು.

ವಾರ ಕಳೆದು ಫೋನನ್ನೂ ಸ್ಪೀಕರನ್ನೂ ಒಗೆದ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. "ಚಾರ್ಜು ಮಾಡಿಟ್ಟಿದೀನಿ," ಎಂದರು. ಅಷ್ಟೇ. ಆಮೇಲೆ ಅವರು ಕೆಲಸ ಮಾಡಿದ ಮೂರು ಸುಗ್ಗಿಗಳಲ್ಲಿ ಕಣದಕ್ಕ ಹಾಡು ಕೇಳಲಿಲ್ಲ. ಬೀಜವನ್ನು ಹಲ್ಲಿಗಿಟ್ಟು ನೋಡುವುದು ಮಾತ್ರ ಉಳಿಯಿತು. ಮಾಲೀಕರು ಒಣಗಿಸುವ ಯಂತ್ರ ತರಿಸಿದ ಮೇಲೆ ಅದೂ ಬೇಕಾಗಲಿಲ್ಲ.

ಅವರಿಗೆ ಉಸಿರಾಟದ ಕಾಯಿಲೆ ಜೋರಾಗಿದೆ ಎಂದು ತಂದೆ ಹೇಳಿದಾಗ ಆಳುಗಳ ಲೈನುಮನೆಗೆ ಹೋದೆ. ಮಧ್ಯಾಹ್ನದ ಬಿಸಿಲು ಬಾಗಿಲವರೆಗೆ ಬಂದಿತ್ತು. ಕಂಬಳಿಯ ಹೊರಗೆ ಎರಡು ಪಾದ ಕಾಣುತ್ತಿದ್ದವು. ಬೇಕೋ ಬೇಡವೋ ಎಂದು ಕೇಳದೆ ನಾನು ಫೋನಿನಲ್ಲಿ ಬಿಲಹರಿ ಹಾಕಿದೆ. ಅವರ ಕಣ್ಣು ಮುಚ್ಚಿಯೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ಬಲಗಾಲಿನ ಹೆಬ್ಬೆರಳು ನಿಧಾನವಾಗಿ ಎದ್ದಿತು. ನಾನು ಅದನ್ನೇ ನೋಡಿದೆ. ಆಗ ಅವರು ಕಣ್ಣು ತೆರೆದರು. ನಾನು ನೋಡುತ್ತಿರುವುದನ್ನು ಕಂಡರು. ಪಾದಗಳನ್ನು ಕಂಬಳಿಯೊಳಕ್ಕೆ ಎಳೆದುಕೊಂಡರು.

"ಹೆಸರು ಹೇಳ್ಬೇಕಾ ಸಣ್ಣ ರೈಟ್ರೇ?"

"ಬೇಡ ಅಕ್ಕ," ಎಂದೆ. ಆದರೆ ಕಾಲು ಮತ್ತೆ ಹೊರಗೆ ಬರಲಿಲ್ಲ. ಮೃದಂಗ ಸೇರುವ ಮೊದಲೇ ನಾನೇ ಹಾಡು ನಿಲ್ಲಿಸಿದೆ. ಮೂರನೆಯ ದಿನ ಅವರು ತೀರಿಕೊಂಡರು.

ಈಗ ನಾನೂ ಎಲ್ಲರಂತೆ ಬಸ್ಸಿನಲ್ಲಿ ಕುಳಿತು, ಕಿವಿಗೆ ಇಯರ್‌ಫೋನು ಸಿಕ್ಕಿಸಿ ಸಂಗೀತ ಕೇಳುತ್ತೇನೆ. ಪರದೆ ಹೆಸರು ಹೇಳುತ್ತದೆ. ಆಲಾಪನೆ ಉದ್ದವೆನಿಸಿದರೆ ಬೆರಳು ತಾನಾಗಿ ಮುಂದಕ್ಕೆ ತಳ್ಳುತ್ತದೆ. ಕಣದಕ್ಕ ಇಟ್ಟಿದ್ದ ಹೆಸರುಗಳಲ್ಲಿ ನನಗೆ ನೆನಪಿರುವುದು ಮೂರೇ. ಉಳಿದವನ್ನು ಕಣದಲ್ಲಿದ್ದ ಹೆಂಗಸರನ್ನು ಕೇಳಿ ನೋಡಿದೆ, ಯಾರಿಗೂ ನೆನಪಿಲ್ಲ. ಬರೆದಿಟ್ಟುಕೊಳ್ಳುವ ಅವಕಾಶವಿದ್ದವನು ನಾನೊಬ್ಬನೇ, ನೋಟ್‌ಬುಕ್ಕು ಕೈಯಲ್ಲೇ ಇತ್ತು. ಅದು ಈಗಲೂ ನನ್ನ ಬಳಿ ಇದೆ. ಮೂವತ್ತು ರಾಗಗಳ ಹೆಸರು, ದುಂಡಗಿನ ಅಕ್ಷರದಲ್ಲಿ. ಒಂದೂ ತಪ್ಪಿಲ್ಲ.