ಅವ್ವನನ್ನು ಓದಿದ ಭಾನುವಾರ

ಅವನಿಗಾಗಿ ನಾನು ಹೊಡೆದಾಡಿದವಳು. ಪುಣೆಯ ಶಿವಾಜಿನಗರದ ಕಾಲೇಜಿನ ಕ್ಯಾಂಟೀನಿನಲ್ಲಿ ನನ್ನ ಜೊತೆ ಓದುತ್ತಿದ್ದವನೊಬ್ಬ, ಆ ಲಂಡನ್ನಿನ ಪತ್ತೇದಾರನೆಂದರೆ ಬರೀ ಸೊಕ್ಕಿನ ಮನುಷ್ಯ, ಅವನ ಕಥೆಗಳಲ್ಲಿ ಹುರುಳಿಲ್ಲ ಎಂದ. ನನ್ನ ಮುಂದೆ ಮಿಸಳ್ ತಟ್ಟೆ ಇತ್ತು. ಎತ್ತಿ ಅವನ ಎದೆಗೆ ಎಸೆದೆ, ಬಿಸಿ ರಸದ ಸಮೇತ. ಅವನು ಅಂಗಿ ಝಾಡಿಸಿಕೊಳ್ಳುತ್ತಾ ಎದ್ದಾಗ ಕಪಾಳಕ್ಕೂ ಒಂದು ಕೊಟ್ಟೆ. ಪ್ರಿನ್ಸಿಪಾಲರ ಮುಂದೆ ನಿಂತು ಕ್ಷಮೆ ಕೇಳುವಾಗಲೂ ಹಲ್ಲು ಕಡಿಯುತ್ತಲೇ ಇದ್ದೆ. ನನ್ನ ಕೈ ಹೀಗೆ ತಟಕ್ಕನೆ ಏಳುತ್ತದೆ. ಯಾರ ಕೈ ಅದು ಅಂತ ನನಗೆ ಚೆನ್ನಾಗಿ ಗೊತ್ತು.

ಪತ್ತೇದಾರನ ಹೆಸರು ಹೇಳಬೇಕಿಲ್ಲ. ತೆಳ್ಳಗೆ ಎತ್ತರ, ಚೂಪು ಮೂಗು, ಬಂದವರ ಬೂಟು ನೋಡಿ ಅವರ ಜಾತಕವನ್ನೇ ಹೇಳಿಬಿಡುವವನು. ಅವನನ್ನು ಮನೆಗೆ ತಂದದ್ದು ಅಪ್ಪ. ಧಾರವಾಡದ ಕಡೆಯಿಂದ ಬಂದು ಪುಣೆ ಹತ್ತಿರದ ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಗುಮಾಸ್ತನಾಗಿದ್ದ ಅಪ್ಪನ ಬಳಿ ಆ ಕಥೆಗಳ ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ನಾನು ಐದಾರು ವರ್ಷದವಳಿದ್ದಾಗಿನಿಂದ ಅದನ್ನು ನೋಡುತ್ತಾ ಧಾರವಾಡದ ಮಾತಿನಲ್ಲಿ ಹೇಳುತ್ತಿದ್ದ. ಅಪ್ಪನ ಬಾಯಲ್ಲಿ ಲಂಡನ್ನಿನ ಪೊಲೀಸರೂ 'ಹೌದ್ರಿ ಸಾಹೇಬ್ರ' ಎನ್ನುತ್ತಿದ್ದರು. ಅಂಥ ಮತ್ತೊಬ್ಬ ಕಥೆಗಾರನನ್ನು ನಾನು ನೋಡಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಸಿಟ್ಟು ಬರುತ್ತದೆ, ಆದರೂ ಒಪ್ಪಿಕೊಳ್ಳುತ್ತೇನೆ.

ಭಾನುವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಎರಡು ಕುರ್ಚಿ ಹಾಕುತ್ತಿದ್ದೆವು, ಅಪ್ಪನಿಗೊಂದು, ನನಗೊಂದು. ಅವ್ವನಿಗೆ ಇಲ್ಲ. ಆ ಪತ್ತೇದಾರನನ್ನು ಪರದೆಗೆ ತಂದ ಎಲ್ಲವನ್ನೂ ಅಪ್ಪ ಪೆನ್‌ಡ್ರೈವಿನಲ್ಲಿ ಕೂಡಿಹಾಕಿದ್ದ: ಕಪ್ಪುಬಿಳುಪಿನ ಹಳೇ ಸಿನಿಮಾಗಳು, ಕುದುರೆಗಾಡಿಯ ಕಾಲದ ಧಾರಾವಾಹಿ, ಮೊಬೈಲ್ ಹಿಡಿದು ಓಡಾಡುವ ಹೊಸ ಅವತಾರ. ಕುದುರೆಗಾಡಿಯವನೇ ಖರೆ, ಉಳಿದವರೆಲ್ಲ ನಾಟಕದವರು ಎಂದು ಅಪ್ಪನ ತೀರ್ಪು. ಹೊಸಬನೂ ಛಲೋ ಇದ್ದಾನಲ್ಲ ಎಂದು ನಾನೊಮ್ಮೆ ಅಂದದ್ದಕ್ಕೆ ಮಧ್ಯಾಹ್ನದವರೆಗೆ ಮಾತು ಬಿಟ್ಟಿದ್ದ. ಹೊಡೆಯಲಿಲ್ಲ. ನನ್ನನ್ನು ಅಪ್ಪ ಹೊಡೆಯುತ್ತಿರಲಿಲ್ಲ.

ಅವ್ವನನ್ನು ಹೊಡೆಯುತ್ತಿದ್ದ. ಸಾರಿಗೆ ಉಪ್ಪು ಕಡಿಮೆಯಾದರೆ, ತವರಿನಿಂದ ಫೋನು ಬಂದರೆ, ಬಾಗಿಲು ತೆರೆಯುವುದು ಒಂದು ಗಳಿಗೆ ತಡವಾದರೆ. ಬೆಲ್ಟು, ಚಪ್ಪಲಿ, ಕೈಗೆ ಸಿಕ್ಕದ್ದು. ಮರುದಿನ ಪಕ್ಕದ ಮನೆಯ ಮಾವಶಿ ಕಟ್ಟೆಯ ಮೇಲಿಂದ 'ಕಾಯ್ ಝಾಲಂ ಗ?' ಏನಾಯಿತೇ ಎಂದು ಕೇಳಿದರೆ, ಅವ್ವ ತುಟಿಯ ಬಾವು ಸೆರಗಿನಲ್ಲಿ ಮುಚ್ಚಿ 'ಕಾಹೀ ನಾಹೀ, ಪಾಯ್ ಘಸರಲಾ' ಎನ್ನುತ್ತಿದ್ದಳು. ಏನಿಲ್ಲ, ಕಾಲು ಜಾರಿತು. ನಮ್ಮ ಮನೆಯ ನೆಲ ಅಷ್ಟು ಜಾರುತ್ತಿತ್ತು ನೋಡಿ! ಮಾವಶಿಗೆ ಎಲ್ಲ ಗೊತ್ತಿತ್ತು, ಓಣಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದವರ ಮೇಲೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಧಾರಾವಾಹಿ ಮುಗಿದ ಮೇಲೆ ನಮ್ಮದೊಂದು ಆಟ ಇತ್ತು. ಅಪ್ಪ ಅದನ್ನು ಓದುವುದು ಎನ್ನುತ್ತಿದ್ದ. ಕಿಟಕಿಯಲ್ಲಿ ನಿಂತು ಹಾದಿಯಲ್ಲಿ ಹೋಗುವವರನ್ನು ನೋಡಿ ಪತ್ತೇದಾರನ ಹಾಗೆ ನಾನು ಹೇಳಬೇಕು. ಹಾಲಿನವನ ಎಡ ಮೊಣಕಾಲಿಗೆ ಮಣ್ಣು ಹತ್ತಿದೆ, ಅಂದರೆ ಸೈಕಲ್ಲಿನಿಂದ ಬಿದ್ದಿದ್ದಾನೆ. ಆ ಸಿಪಾಯಿಯ ಹಣೆಯ ಅರ್ಧ ಬೆಳ್ಳಗಿದೆ, ಅಂದರೆ ಟೋಪಿ ಹಾಕಿ ಬಿಸಿಲಿನಲ್ಲಿ ನಿಂತವನು, ಊರಿನ ರಜೆಯಿಂದ ಬಂದವನಲ್ಲ. ಸರಿಯಾದರೆ ಅಪ್ಪ 'ಶಾಬ್ಬಾಸ್ ಮಗಳ!' ಎಂದು ನನ್ನ ಕೈ ಹಿಡಿದು ದೊಡ್ಡವರ ಹಾಗೆ ಕುಲುಕುತ್ತಿದ್ದ. ಆ ಕೈಕುಲುಕಿಗಾಗಿ ನಾನು ಏನು ಬೇಕಾದರೂ ಮಾಡುತ್ತಿದ್ದೆ.

ನನಗೆ ಹತ್ತು ವರ್ಷ ತುಂಬಿದ ಬೇಸಿಗೆಯಲ್ಲಿ ಅವ್ವ ಮನೆ ಬಿಡುವ ತಯಾರಿಯಲ್ಲಿದ್ದಳು, ನನ್ನನ್ನೂ ಕರೆದುಕೊಂಡು. ಪತ್ತೇದಾರಿ ಕಥೆಯ ಹಾಗೆ ಇದನ್ನು ಮುಚ್ಚಿಟ್ಟು ನಿಮ್ಮನ್ನು ಆಡಿಸುವುದು ನನಗೆ ಬೇಡ. ಶಿವಾಜಿನಗರದಲ್ಲಿ ಕೋರ್ಟಿನ ಹತ್ತಿರ ವಕೀಲರ ಕೋಟು ಹೊಲಿಯುವ ಅಂಗಡಿಯೊಂದಿತ್ತು. ಅದರ ಒಡತಿ ಒಬ್ಬ ವಿಧವೆ. ಅಪ್ಪ ಕೆಲಸಕ್ಕೆ, ನಾನು ಶಾಲೆಗೆ ಹೋದ ಮೇಲೆ ಅವ್ವ ಲೋಕಲ್ ರೈಲು ಹತ್ತಿ ಅಲ್ಲಿಗೆ ಹೋಗಿ ಹೊಲಿಗೆ ಕಲಿಯುತ್ತಿದ್ದಳು. ಕೈ ಪಳಗಿದರೆ ದೀಪಾವಳಿಗೆ ಕಾಯಂ ಕೆಲಸ, ಅಂಗಡಿಯ ಮೇಲಿನ ಖೋಲಿಯಲ್ಲಿ ಇರಲು ಜಾಗ ಎಂದು ಒಡತಿ ಮಾತು ಕೊಟ್ಟಿದ್ದಳಂತೆ. ಅವ್ವ ಇದನ್ನು ನನಗೂ ಹೇಳಿರಲಿಲ್ಲ. ಮಗಳು ಯಾರ ಶಿಷ್ಯೆ ಎಂದು ಅವಳಿಗೆ ತಿಳಿದಿತ್ತು.

ಆ ಭಾನುವಾರ ಧಾರಾವಾಹಿ ಮುಗಿದಿತ್ತು. ಹಾದಿ ಖಾಲಿ, ಕಿಟಕಿಯಲ್ಲಿ ಓದಲು ಯಾರೂ ಇಲ್ಲ. ಅವ್ವ ಚಹಾ, ಒಗ್ಗರಣೆ ಅವಲಕ್ಕಿ ತಂದಿಟ್ಟಳು. ಅಪ್ಪ ಕುರ್ಚಿಗೆ ಒರಗಿ, 'ಇವತ್ತ ನಿಮ್ಮವ್ವನ್ನ ಓದು, ನೋಡೋಣು' ಎಂದ.

ಅವ್ವ ನಕ್ಕಳು. 'ನನ್ನಾಗ ಓದ್ಲಿಕ್ಕೆ ಏನದ? ಒಲಿ ಮುಂದ ಇದ್ದಾಕಿ ನಾನು.'

ನಾನು ಎದ್ದು ನಿಂತು, ಬೆನ್ನ ಹಿಂದೆ ಕೈಕಟ್ಟಿ, ಪರದೆಯ ಮೇಲೆ ಅವನು ನಡೆಯುವ ಹಾಗೆ ನಡೆದೆ. 'ಅವ್ವ ದಿನಾ ಮಧ್ಯಾಹ್ನ ಮನಿಯಾಗ ಇರೂದಿಲ್ಲ,' ಎಂದೆ. 'ನಾ ಸಾಲಿಯಿಂದ ಬರೂದ್ರಾಗ ಮುಖಾ ತೊಳೀತಿರ್ತಾಳ. ಮನಿಯಾಗ ಇದ್ದಾಕಿಗೆ ಅಷ್ಟು ಧೂಳು ಎಲ್ಲಿಂದ ಹತ್ತತದ? ಸೆರಗಿನ ಒಳಗ ಕರೀ ದಾರದ ತುಣುಕು ಅವ. ನಮ್ಮ ಮನಿಯಾಗ ಕರೀ ಅರಿವಿ ಒಂದೂ ಇಲ್ಲ. ಬಲಗೈ ಹೆಬ್ಬೆರಳಿನ ಉಗುರಾಗ ದರ್ಜಿ ಸುಣ್ಣ, ಎಡಗೈ ಬೆರಳಿಗೆ ಸೂಜಿ ಚುಚ್ಚಿದ ಕಲಿ. ಪುಣೆದಾಗ ಇಂಥಾ ಬ್ಯಾಸಿಗ್ಯಾಗ ಕರೀ ಕೋಟು ಹೊಲಿಸವ್ರು ಯಾರು? ವಕೀಲರು. ಕೋರ್ಟ್ ಎಲ್ಲೆ ಅದ? ಶಿವಾಜಿನಗರದಾಗ. ಅವ್ವ ಲೋಕಲ್‌ನಾಗ ಹೋಗಿ ಅಲ್ಲೆ ಕೋಟು ಹೊಲೀತಾಳ!'

ಅವ್ವನ ಮುಖ ನೋಡಿದೆ. ಸುಣ್ಣ ಬಳಿದಂತಾಗಿತ್ತು.

ಅಪ್ಪ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟ. ಆಮೇಲೆ ನನ್ನ ಕೈ ಹಿಡಿದು ಕುಲುಕಿದ. 'ಶಾಬ್ಬಾಸ್ ಮಗಳ. ಭಾಳ ಛಲೋ ಓದಿದಿ.' ನನ್ನ ಎದೆ ಉಬ್ಬಿತು. ಹೌದು, ಉಬ್ಬಿತು. ಮತ್ತೆ ಅವನು ಎದ್ದು, ಬಿಸಿ ಚಹಾದ ಕಪ್ಪನ್ನು ಅವ್ವನ ಮುಖಕ್ಕೆ ಎಸೆದ.

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಪ್ಪ ಅವಳ ಕೂದಲು ಹಿಡಿದು ಎಳೆದು ಬಾಗಿಲ ಚೌಕಟ್ಟಿಗೆ ತಲೆ ಬಡಿದ, ಒಂದು ಸಲ, ಎರಡು ಸಲ. ನೆಲಕ್ಕೆ ಬಿದ್ದವಳ ಹೊಟ್ಟೆಗೆ ಒದ್ದ. 'ವಕೀಲರ ಕಡೆ ಹೊಂಟಿದ್ಯಾ? ನನ್ನ ಮ್ಯಾಲೆ ಕೇಸ್ ಹಾಕಾಕಿ ಇದ್ಯಾ?' ಅವಳು 'ಇಲ್ರಿ, ಬರೀ ಹೊಲಿಗಿ ರೀ, ನಿಮ್ಮ ಕಾಲಿಗೆ ಬೀಳ್ತೀನಿ ರೀ' ಎನ್ನುತ್ತಿದ್ದಳು. ಅಪ್ಪ ನಿಂತು ಉಸಿರು ತೆಗೆದುಕೊಂಡ. ಆಮೇಲೆ ಬಹಳ ಶಾಂತವಾಗಿ, 'ಹೊಲಿಯೂ ಕೈ ಯಾವ್ದು?' ಎಂದು ಕೇಳಿದ. ಅವಳು ಹೇಳುವ ಅಗತ್ಯವಿರಲಿಲ್ಲ, ಯಾವ ಉಗುರಿನಲ್ಲಿ ಸುಣ್ಣವಿದೆ ಎಂದು ನಾನು ಆಗಲೇ ಹೇಳಿಯಾಗಿತ್ತು. ಅವಳ ಬಲಗೈಯನ್ನು ಎಳೆದು ಕಬ್ಬಿಣದ ಕಪಾಟಿನ ಸಂದಿಯಲ್ಲಿಟ್ಟು ಬಾಗಿಲಿಗೆ ಒದ್ದ. ಎಲುಬಿನ ಶಬ್ದ ಕೇಳಿಸಿತು. ಪರದೆಯ ಮೇಲೆ ಎಷ್ಟೋ ಕೊಲೆ ನೋಡಿದ್ದೆನಲ್ಲ, ಅಂಥ ಶಬ್ದವನ್ನು ಯಾವುದರಲ್ಲೂ ಕೇಳಿರಲಿಲ್ಲ.

ಬೆರಳು ಎರಡು ಮತ್ತೆ ಮಡಚಲಿಲ್ಲ. ದೀಪಾವಳಿ ಬಂದು ಹೋಯಿತು, ಅಂಗಡಿಯ ಮೇಲಿನ ಖೋಲಿಗೆ ಬೇರೆ ಯಾರೋ ಬಂದರು. ದವಾಖಾನೆಯಲ್ಲಿ ಅವ್ವ ಮತ್ತೆ ಕಾಲು ಜಾರಿತು ಎಂದಳು. ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಇಷ್ಟಾದ ಮೇಲೂ ಮುಂದಿನ ಭಾನುವಾರ ನಾನು ಆ ಕುರ್ಚಿಯಲ್ಲಿ ಹೋಗಿ ಕೂತೆ. ಥೂ! ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ. ಹೆದರಿಕೆಯಿಂದ ಕೂತೆ ಎಂದರೆ ಅರ್ಧ ಸತ್ಯ. ಮುಂದೇನಾಯಿತು ಎಂದು ನೋಡುವ ಆಸೆಯೂ ಇತ್ತು, ಕಂತು ಅರ್ಧಕ್ಕೆ ನಿಂತಿತ್ತು. ಅಡುಗೆಮನೆಯಲ್ಲಿ ಅವ್ವ ಎಡಗೈಯಲ್ಲಿ ಉಳ್ಳಾಗಡ್ಡಿ ಹೆಚ್ಚುವ ಸಪ್ಪಳ ಕೇಳಿಸುತ್ತಿತ್ತು. ನಾವು ಶಬ್ದ ಜೋರು ಮಾಡಿಕೊಂಡೆವು.

ನಾಲ್ಕು ವರ್ಷ ಕಳೆಯಿತು. ನನಗೆ ಹದಿನಾಲ್ಕು. ಒಂದು ದಿನ ಅವ್ವ ನನ್ನ ಜಡೆ ಹಾಕುವಾಗ ಅವಳ ಎಡಗೈ ಹೆಬ್ಬೆರಳಿನ ಬುಡ ಕುತ್ತಿಗೆಗೆ ಒರಟಾಗಿ ತಾಗಿತು. ತಿರುಗಿ ನೋಡಿದೆ. ಕತ್ತರಿಯ ಹಿಡಿ ಒತ್ತಿ ಒತ್ತಿ ಆದ ಜಡ್ಡು. ಹೊಲಿಯಲು ಬಾರದ ಬಲಗೈಯನ್ನು ಬಿಟ್ಟು, ಎಡಗೈಯಲ್ಲಿ ಬಟ್ಟೆ ಕತ್ತರಿಸುವುದನ್ನು ಕಲಿಯುತ್ತಿದ್ದಾಳೆ, ಆ ಕೋಟಿನ ಅಂಗಡಿಗೇ ಹೋಗುತ್ತಿದ್ದಾಳೆ! ಮತ್ತೆ ತಿರುಗಿ ಕೂತು ಜಡೆ ಹಾಕಿಸಿಕೊಂಡೆ. ಮನೆ ಬಿಡುವ ದಿನ ಮತ್ತೆ ಹತ್ತಿರ ಬಂದಿದೆ, ಈ ಸಲವೂ ಕೆಡಿಸಿದರೆ ಅವಳು ಉಳಿಯುವುದಿಲ್ಲ ಎನ್ನುವಷ್ಟು ತಿಳಿಯಿತು.

ಅಪ್ಪನಿಗೂ ವಾಸನೆ ಬಡಿದಿತ್ತು. ಆ ಭಾನುವಾರ ಬೆಳಿಗ್ಗೆ ಅವನು ಕಂಪ್ಯೂಟರ್ ಹಚ್ಚಲೇ ಇಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ಎಬ್ಬಿಸಿ ನಿಲ್ಲಿಸಿ, 'ಬಾ ಮಗಳ, ಓದು' ಎಂದ.

ನನಗೆ ಎಲ್ಲ ಕಾಣುತ್ತಿತ್ತು. ಜಡ್ಡು, ಸೀರೆಯ ನೆರಿಗೆಯಲ್ಲಿ ಸಿಕ್ಕ ಕರಿ ಎಳೆ, ಹೊಸ ಚಪ್ಪಲಿಯ ಸವೆದ ಹಿಮ್ಮಡಿ. 'ಮಾವಶಿ ಮನಿಗೆ ಹೋಗಿ ಒಣಮೆಣಸಿನಕಾಯಿ ಮುರದಾಳ,' ಎಂದೆ. 'ಅದಕ್ಕ ಕೈ ಒರಟಾಗ್ಯಾವ. ಮತ್ತೇನೂ ಇಲ್ಲ ಅಪ್ಪಾ.'

ಅಪ್ಪ ನನ್ನನ್ನೇ ನೋಡಿದ. ಅವನು ನನಗಿಂತ ಒಳ್ಳೆಯ ಓದುಗ, ಅದನ್ನು ಮರೆತಿದ್ದೆ. 'ಈಗ ಅದಽ ಕೈಲೆ ಕಣ್ಣು ಒರಸಿಕೊಂಡ್ಲಲ್ಲ,' ಎಂದ, 'ಮೆಣಸಿನಕಾಯಿ ಮುರದ ಕೈ ಆಗಿದ್ರ ಕಣ್ಣು ಉರೀಬೇಕಿತ್ತಲ್ಲ?' ಮತ್ತೆ, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ನನ್ನ ಕಿವಿಯ ಮೇಲೆ ಹೊಡೆದ. ಗೋಡೆಗೆ ಬಡಿದು ಬಿದ್ದೆ. ಕಿವಿಯೊಳಗೆ ಏನೋ ಹರಿದು ಬಿಸಿಯಾಗಿ ಕುತ್ತಿಗೆಗೆ ಇಳಿಯಿತು. 'ನನಗಽ ಸುಳ್ಳು ಹೇಳ್ತೀ? ನಾ ಕಲಿಸಿದ ವಿದ್ಯಾದಾಗ?' ಎಂದು ಕಾಲೆತ್ತಿದ.

ಆ ಕಾಲು ನನಗೆ ತಾಗಲಿಲ್ಲ. ಅವ್ವ ಒಲೆಯ ಮೇಲಿದ್ದ ಕಬ್ಬಿಣದ ಹಂಚನ್ನು ಸೆರಗಿನಲ್ಲಿ ಹಿಡಿದು ಎಡಗೈಯಲ್ಲಿ ಬೀಸಿದ್ದಳು. ಹೆಗಲಿಗೆ ಒಂದು ಬಿತ್ತು. ಅವನು ತಿರುಗಿದಾಗ ಕುತ್ತಿಗೆಯ ಬುಡಕ್ಕೆ ಇನ್ನೊಂದು. ಸುಟ್ಟ ಚರ್ಮದ ವಾಸನೆ ಬಂತು. ಅಪ್ಪ ನಿಂತಲ್ಲೇ ಕುಸಿದು ದನದ ಹಾಗೆ ಒದರಿದ. ಅವಳು ಮೂರನೆಯದಕ್ಕೆ ಎತ್ತಿದಳು. ನನಗೆ ಅವಳನ್ನು ತಡೆಯಬೇಕು ಅನಿಸಲಿಲ್ಲ, ಹೊಡಿ ಅನಿಸಿತು. ಅವಳೇ ಹಂಚನ್ನು ಕೆಳಗೆ ಹಾಕಿದಳು. 'ಚಪ್ಪಲಿ ಹಾಕ್ಕೊ,' ಎಂದಳು ನನಗೆ.

ಅಪ್ಪ ಸಾಯಲಿಲ್ಲ. ಹೆಗಲಿನ ಎಲುಬು ಮುರಿಯಿತೆಂದು, ಕೇಳಿದವರಿಗೆಲ್ಲ ಕಾಲು ಜಾರಿ ಬಿದ್ದೆ ಎನ್ನುತ್ತಿದ್ದಾನೆಂದು ಆಮೇಲೆ ಮಾವಶಿ ಫೋನಿನಲ್ಲಿ ಹೇಳಿದಳು. ಹೆಂಡತಿಯ ಕೈಯಲ್ಲಿ ಏಟು ತಿಂದೆ ಎಂದು ಹೇಳಲು ನಾಚಿಕೆಯಾಗಿ ನಮ್ಮನ್ನು ಹುಡುಕಿಕೊಂಡೂ ಬರಲಿಲ್ಲ.

ಹನ್ನೊಂದು ಗಂಟೆಯ ಬಿಸಿಲಲ್ಲಿ ಸ್ಟೇಷನ್ನಿಗೆ ನಡೆದೆವು. ಕೈಯಲ್ಲಿ ಒಂದು ಚೀಲ, ನನ್ನ ಕಿವಿಗೆ ಒತ್ತಿ ಹಿಡಿದ ಅವಳ ಕರವಸ್ತ್ರ. ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ರೈಲು ಪಿಂಪ್ರಿ ಸ್ಟೇಷನ್ ದಾಟಿತು. ಅವ್ವ ನನ್ನ ಸರಿಯಿದ್ದ ಕಿವಿಯ ಕಡೆ ಬಂದು ಕೂತಳು.

'ಒಂದು ಕೇಳ್ತೀನಿ, ಖರೆ ಹೇಳು,' ಎಂದಳು. 'ನಾಕು ವರ್ಷದ ಹಿಂದ ಆ ಐತಾರ ನೀ ಎಲ್ಲಾ ಹೇಳಿದಿ ನೋಡು, ಅವರು ನನ್ನ ಹೊಡೀತಾರಂತ ನಿನಗ ಗೊತ್ತಿತ್ತೇನು?'

ಇಲ್ಲ ಎನ್ನಬಹುದಿತ್ತು. ಹತ್ತು ವರ್ಷದ ಹುಡುಗಿ, ಆಟ ಎಂದುಕೊಂಡೆ ಎನ್ನಬಹುದಿತ್ತು. ಅವಳೂ ಅದನ್ನೇ ಕೇಳಲು ಕಾಯುತ್ತಿದ್ದಳು ಎಂದು ಈಗ ಅನಿಸುತ್ತದೆ.

'ಗೊತ್ತಿತ್ತವ್ವಾ,' ಎಂದೆ.

ಅವಳು ನನ್ನ ಕೆನ್ನೆಗೆ ಹೊಡೆದಳು. ಎಡಗೈಯಿಂದ, ಇದ್ದ ಬಲವೆಲ್ಲ ಹಾಕಿ. ಡಬ್ಬಿಯಲ್ಲಿದ್ದವರೆಲ್ಲ ತಿರುಗಿದರು. ಎದುರಿನ ಮೀನಿನ ಬುಟ್ಟಿಯ ಮುದುಕಿ, ಇಷ್ಟು ದೊಡ್ಡ ಹುಡುಗಿಯನ್ನು ಹೊಡೆಯುತ್ತೀಯಲ್ಲ ಎಂದು ಮರಾಠಿಯಲ್ಲಿ ಗದರಿದಳು. 'ಮಾಝೀಚ್ ಆಹೇ,' ಎಂದಳು ಅವ್ವ. ನನ್ನವಳೇ ಇವಳು. ದನಿ ಒಡೆದಿತ್ತು. ನನ್ನ ಕಿವಿಯ ಕರವಸ್ತ್ರ ಜಾರಿತ್ತು, ಅದನ್ನು ಮತ್ತೆ ಒತ್ತಿ ಹಿಡಿದಳು. ಶಿವಾಜಿನಗರ ಬರುವವರೆಗೆ ಹಾಗೇ ಹಿಡಿದುಕೊಂಡಿದ್ದಳು.

ಹನ್ನೆರಡು ವರ್ಷವಾಯಿತು, ಅವ್ವ ಆ ಅಂಗಡಿಯಲ್ಲೇ ಬಟ್ಟೆ ಕತ್ತರಿಸುತ್ತಾಳೆ. ಅವ್ವ ನನಗೆ ಹೊಡೆದದ್ದು ಅದೊಂದೇ ಸಲ. ಆ ಪ್ರಶ್ನೆಯನ್ನು ಅವಳು ಮತ್ತೆ ಕೇಳಿಲ್ಲ. ಕೇಳಿದರೆ ನನ್ನ ಉತ್ತರ ಇವತ್ತಿಗೂ ಅದೇ.