ಅಮ್ಮನಿಗೆ ಸಿಗದ ಬಿಸಿ ದೋಸೆ

ನಾನು ಚಿಕ್ಕವಳಿದ್ದಾಗ ನಮ್ಮ ಅಮ್ಮನಿಗೆ ವರ್ಷಕ್ಕೆ ಒಂದೇ ಒಂದು ದಿನ ರಜೆ ಸಿಗುತ್ತಿತ್ತು. ಒಂದು ವರ್ಷ ಆ ದಿನವನ್ನೂ ಅಪ್ಪ ಹಾಳು ಮಾಡಿದರು. ಅಜ್ಜಿ ಹೇಳುವ ಕಥೆ ಅಂದರೆ ಬೆಲ್ಲದ ಹಾಗೆ ಸಿಹಿಯಾಗಿರುತ್ತದೆ ಅಂದುಕೊಂಡು ನೀವು ಬಂದು ಕೂತಿದ್ದರೆ ಈಗಲೇ ಹೇಳಿಬಿಡುತ್ತೇನೆ ಮಕ್ಕಳೇ, ಇದು ಅಂಥದ್ದಲ್ಲ. ಆ ದಿನ ಏರಿದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆಗ ನಾವು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದೆವು. ಸಾಲಾಗಿ ಒಂದೇ ಥರದ ಮನೆಗಳು, ಒಂದೇ ಥರದ ಅಡಿಗೆಮನೆಗಳು. ಕಾರ್ಖಾನೆಯ ಸೈರನ್ ಕೂಗಿತೆಂದರೆ ಸಾಕು, ಬೀದಿಯ ಎಲ್ಲ ಮನೆಗಳಲ್ಲೂ ಪಂಪ್ ಸ್ಟೌಗಳು ಒಟ್ಟಿಗೆ ಭುಸ್ಸೆಂದು ಹೊತ್ತಿಕೊಳ್ಳುತ್ತಿದ್ದವು. ಗಂಡಸರು ಶಿಫ್ಟ್ ಮುಗಿಸಿ ಬಂದು ಕೈಕಾಲು ತೊಳೆಯುವಷ್ಟರಲ್ಲಿ ತಟ್ಟೆ ಸಿದ್ಧವಾಗಿರಬೇಕಿತ್ತು. ಹೆಂಗಸರ ಶಿಫ್ಟ್ ಯಾವಾಗ ಮುಗಿಯುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ.

ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಒಂದು ಮಹಿಳಾ ಸಮಾಜ ಮಾಡಿಕೊಂಡಿದ್ದರು. ಶನಿವಾರ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಎದುರುಮನೆ ದೊಡ್ಡಮ್ಮನ ವರಾಂಡದಲ್ಲಿ ಸೇರುತ್ತಿದ್ದರು. ದೊಡ್ಡಮ್ಮ ಎಂದರೆ ಅಮ್ಮನ ಸ್ವಂತ ಅಕ್ಕ, ಸಮಾಜದ ಅಧ್ಯಕ್ಷೆ. ಪಕ್ಕದ ಮನೆಯ ಉರ್ದು ಮಾತಿನ ಚಿಕ್ಕಮ್ಮ, ನಮ್ಮೆಲ್ಲರ ಖಾಲಾ, ಎಲ್ಲರಿಗೂ ಕಸೂತಿ ಹೇಳಿಕೊಡುತ್ತಿದ್ದರು. ಹೊಲಿಗೆ ಸಾಕಾದರೆ ಸೆರಗು ಸಿಕ್ಕಿಸಿಕೊಂಡು ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡುತ್ತಿದ್ದರು. ಅಮ್ಮ ಅಷ್ಟು ಜೋರಾಗಿ ನಗುವುದನ್ನು ನಾನು ಆ ವರಾಂಡದಲ್ಲಿ ಮಾತ್ರ ನೋಡಿದ್ದೆ. ವರ್ಷಕ್ಕೊಮ್ಮೆ ಅವರೆಲ್ಲ ಎಲ್ಲಿಗಾದರೂ ಹೋಗಿಬರುತ್ತಿದ್ದರು. ನಾನು ಹೇಳಿದ ರಜೆ ಅದೇ.

ಆ ವರ್ಷ ಎಲ್ಲಿಗೆ ಹೋಗುವುದು ಎಂಬ ಮಾತು ಬಂದಾಗ ಯಾವತ್ತೂ ಬಾಯಿ ಬಿಡದ ಅಮ್ಮ ಬಾಯಿ ಬಿಟ್ಟಳು.

“ಶಿವಮೊಗ್ಗಕ್ಕೆ ಹೋಗಣ. ಹೋಟ್ಲಲ್ಲಿ ಕೂತ್ಕೊಂಡು ಮಸಾಲೆ ದೋಸೆ ತಿನ್ನಣ. ಕಾವ್ಲಿಯಿಂದ ತೆಗ್ದಿದ್ದು ಹಂಗೇ ಬಿಸಿಬಿಸಿ ನಮ್ಮುಂದೆ ಬರ್ಬೇಕು, ಯಾರಾದ್ರೂ ತಂದು ಕೊಡ್ಬೇಕು.”

ಮೊದಲು ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೇ ತಲೆಯಾಡಿಸಿದರು. ಯಾಕೆಂದರೆ ಎಲ್ಲರ ಮನೆಯಲ್ಲೂ ಅದೇ ಕತೆ. ನಮ್ಮ ಮನೆಯಲ್ಲಿ ದೋಸೆಯ ದಿನ ಅಪ್ಪ, ಅಕ್ಕ, ನಾನು ಸಾಲಾಗಿ ಕೂರುತ್ತಿದ್ದೆವು. ಅಮ್ಮ ಸ್ಟೌ ಮುಂದೆ. ನಮ್ಮ ಹೊಟ್ಟೆ ತುಂಬಿದ ಮೇಲೆ ಪಾತ್ರೆಯ ತಳ ಬಳಿದು ಒಂದು ದಪ್ಪ ದೋಸೆ ಹೊಯ್ದುಕೊಳ್ಳುತ್ತಿದ್ದಳು. ಅದು ಬೇಯುವಷ್ಟರಲ್ಲಿ ಅಪ್ಪನಿಗೆ ಕಾಫಿ, ನಮಗೆ ಜಡೆ. ಕೊನೆಗೆ ನಿಂತುಕೊಂಡೇ, ತಣ್ಣಗಾದದ್ದನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಖಾಲಾ ಸೂಜಿ ಕೆಳಗಿಟ್ಟು, ಬಿಸಿ ದೋಸೆ ಹೇಗಿರುತ್ತದೆಂಬುದೇ ತನಗೆ ಮರೆತುಹೋಗಿದೆ ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಅಲ್ಲಿಂದ ಅಮ್ಮನ ನಡಿಗೆಯೇ ಬೇರೆಯಾಯಿತು. ಪೆಟ್ಟಿಗೆಯಿಂದ ನೇರಳೆ ಬಣ್ಣದ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ನುಸಿಗುಳಿಗೆಯ ವಾಸನೆ ಹೋಗಲೆಂದು ಮಡಿಕೆಯಲ್ಲಿ ಮಲ್ಲಿಗೆ ಇಟ್ಟಳು. ಹೋಟೆಲಿನ ದೋಸೆಯೊಳಗೆ ಕೆಂಪು ಚಟ್ನಿ ಸವರಿರುತ್ತಾರಂತೆ ಎಂದು ನನಗೂ ಅಕ್ಕನಿಗೂ ಮತ್ತೆ ಮತ್ತೆ ಹೇಳುತ್ತಿದ್ದಳು. ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುವುದಾಗಿತ್ತು. ನನಗಂತೂ ಬಸ್ಸಿನ ಕಿಟಕಿ ಆಗಲೇ ಕಣ್ಣಲ್ಲಿತ್ತು, ಹೋಟೆಲಿನ ಲೋಟಗಳ ಕಂಚಿನ ಗಂಟೆಯಂಥ ಸದ್ದು ಕಿವಿಯಲ್ಲಿತ್ತು.

ಹೊರಡುವ ಹಿಂದಿನ ದಿನ ಬೆಳಗ್ಗೆ ಅಪ್ಪ ತಿಂಡಿಗೆ ಕೂತವರು, ಬಹುಮಾನ ಕೊಡುವವರ ಹಾಗೆ ನಗುತ್ತಾ ಹೇಳಿದರು.

“ಬರೀ ಹೆಂಗಸ್ರು ಹೋಗಿ ಹೋಟ್ಲಲ್ಲಿ ಕೂತ್ರೆ ಚೆನ್ನಾಗಿರಲ್ಲ ಕಣೆ. ನಾವೆಲ್ಲ ಸೇರಿ ವ್ಯಾನ್ ಮಾಡಿದೀವಿ. ಕೂಡ್ಲಿಗೆ ಹೋಗಣ, ನಾವೂ ಬರ್ತೀವಿ. ದೋಸೆ ತಾನೆ ನಿಂಗ್ ಬೇಕಾಗಿರೋದು? ಹೊಳೆ ದಂಡೇಲೇ ಹುಯ್ದ್ರಾಯ್ತು. ಹೋಟ್ಲೋನು ನಿನ್ ಥರ ಹುಯ್ತಾನಾ?”

ಅಪ್ಪ ಕೆಟ್ಟವರಲ್ಲ. ಕುಡಿದವರಲ್ಲ, ಹೊಡೆದವರಲ್ಲ. ಹೆಂಡತಿಯನ್ನು ಹೊಗಳಿದೆ ಅಂತಲೇ ಅವರು ಅಂದುಕೊಂಡಿದ್ದರು. ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ದೊಡ್ಡಮ್ಮ ಬಂದು ಜಗಳವಾಡಿದರು. ಇದು ನಮ್ಮ ಸಮಾಜದ ಕಾರ್ಯಕ್ರಮ, ನಿಮ್ಮನ್ನು ಕರೆದವರು ಯಾರು ಎಂದು ಕೇಳಿದರು. ನಿಮ್ಮ ಒಳ್ಳೆಯದಕ್ಕೇ ಅಲ್ಲವೇ, ಇಷ್ಟಕ್ಕೆಲ್ಲ ಯಾಕೆ ಕೋಪ ಎಂದು ಅಪ್ಪ ನಕ್ಕರು. ದೊಡ್ಡಪ್ಪ ಆಗಲೇ ವ್ಯಾನಿನವನಿಗೆ ಮಾತು ಕೊಟ್ಟಾಗಿತ್ತು. ಅಮ್ಮ ಅಕ್ಕಿ, ಉದ್ದು ನೆನೆಹಾಕಿದಳು. ಸಂಜೆ ನಮ್ಮ ಬೀದಿಯ ಮನೆಮನೆಯಲ್ಲೂ ಒರಳು ತಿರುಗುವ ಗರಗರ ಸದ್ದು. ಅಕ್ಕ ಹಿಟ್ಟು ತಳ್ಳುತ್ತಾ ಕೂತಿದ್ದಳು. ನೇರಳೆ ಸೀರೆ ಮತ್ತೆ ಪೆಟ್ಟಿಗೆಗೆ ಹೋಯಿತು. ಸೀಮೆಎಣ್ಣೆ ಸ್ಟೌ ಮುಂದೆ ಒಳ್ಳೆಯ ಸೀರೆ ಯಾರು ಉಡುತ್ತಾರೆ?

ಮರುದಿನ ವ್ಯಾನಿನ ಮುಂದಿನ ಸೀಟುಗಳಲ್ಲಿ ಗಂಡಸರು. ಹಿಂದೆ ಹೆಂಗಸರು, ಕಾಲ ನಡುವೆ ಹಿಟ್ಟಿನ ಪಾತ್ರೆಗಳು. ಹೊಳೆಹೊನ್ನೂರು ದಾಟುವಷ್ಟರಲ್ಲಿ ಹಿಟ್ಟು ಕುಲುಕಿ ಉಬ್ಬಿ ಅಮ್ಮನ ಪಾದದ ಮೇಲೆ ಸುರಿದಿತ್ತು. ಕೂಡ್ಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರುವ ಜಾಗ ಎಷ್ಟು ಚೆನ್ನಾಗಿದೆ ಅಂತೀರಿ! ಅದನ್ನು ಗಂಡಸರು ಚೆನ್ನಾಗಿ ನೋಡಿದರು. ಈಜಿದರು, ಮರದ ನೆರಳಲ್ಲಿ ಜಮಖಾನ ಹಾಸಿ ಇಸ್ಪೀಟು ಆಡಿದರು. ಹೆಂಗಸರು ಹೊಳೆಗೆ ಬೆನ್ನು ಹಾಕಿ ಕೂತು, ಗಾಳಿಗೆ ಸ್ಟೌ ಆರದ ಹಾಗೆ ರಟ್ಟು ಹಿಡಿದರು. ಚಟ್ನಿಯಲ್ಲಿ ಮರಳು ಸೇರಿತು. ನಿಂಬೆಹಣ್ಣು, ಚಮಚ ಖಾಲಾನ ಚೀಲದಲ್ಲೇ ಉಳಿದವು.

ನಾನು ತಟ್ಟೆ ಹಿಡಿದು ಓಡಾಡುತ್ತಿದ್ದೆ. ಇನ್ನೊಂದು ಗರಿಗರಿಯಾಗಿ, ಇನ್ನೊಂದಕ್ಕೆ ತುಪ್ಪ ಜಾಸ್ತಿ ಎಂದು ಜಮಖಾನದಿಂದ ಕೂಗು. ಮರಳು ಕಾದು ಅಂಗಾಲು ಸುಡುತ್ತಿತ್ತು. ಅಮ್ಮನ ಮುಖ ಕೆಂಪಾಗಿ, ಕೂದಲು ಹಣೆಗೆ ಅಂಟಿಕೊಂಡಿತ್ತು. ಎಷ್ಟು ಹೊಯ್ದರೂ ಅವಳ ತಟ್ಟೆ ಮಾತ್ರ ಬೋರಲಾಗಿಯೇ ಇತ್ತು.

ಕೊನೆಗೆ ಕೂಗು ನಿಂತಿತು. ಅಮ್ಮ ಪಾತ್ರೆ ನೋಡಿದಳು. ಈ ಸಲ ತಳ ಬಳಿಯಬೇಕಾಗಿರಲಿಲ್ಲ, ಒಂದು ಸೌಟು ಒಳ್ಳೆಯ ಹಿಟ್ಟು ಉಳಿದಿತ್ತು. ಕಾವಲಿ ಒರೆಸಿ, ತೆಳ್ಳಗೆ ಹೊಯ್ದು, ಸುತ್ತ ತುಪ್ಪ ಬಿಟ್ಟಳು. ಅಂಚು ಕೆಂಪಗಾಗಿ ತಾನಾಗಿಯೇ ಎದ್ದಿತು. ಅಮ್ಮ ತನ್ನ ತಟ್ಟೆ ಮಗುಚಿ, ಮರಳಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

ಅಷ್ಟರಲ್ಲಿ ಅಪ್ಪ ಕೈ ತೊಳೆಯಲೆಂದು ಆ ಕಡೆ ಬಂದರು. “ಆಹಾ, ಎಷ್ಟ್ ಚೆನ್ನಾಗ್ ಎದ್ದಿದೆ! ಅದೊಂದು ಇತ್ಲಾಗ್ ಹಾಕು ಮಾರಾಯ್ತಿ” ಎಂದು ತಟ್ಟೆ ಒಡ್ಡಿದರು.

ಅಮ್ಮ ಹಾಕಿದಳು. ಯೋಚನೆ ಕೂಡ ಮಾಡಲಿಲ್ಲ, ಕೈ ತಾನಾಗಿಯೇ ಹೋಯಿತು. ಅಕ್ಕ ಪಕ್ಕದಲ್ಲೇ ಇದ್ದಳು. ಸರಕ್ಕನೆ ಅಪ್ಪನ ತಟ್ಟೆಯಿಂದ ದೋಸೆ ಎತ್ತಿ ಅಮ್ಮನ ತಟ್ಟೆಗೆ ಹಾಕಿ, “ಇದು ಅಮ್ಮಂದು” ಅಂದಳು. ಇಸ್ಪೀಟು ನಿಂತಿತು. ಎಲ್ಲರೂ ಈ ಕಡೆ ತಿರುಗಿದರು. ಅಪ್ಪನ ಮುಖ ಕಪ್ಪಾಯಿತು. ಆಗ ಅಮ್ಮ ಏನು ಮಾಡಿದಳು ಗೊತ್ತೇ? ಅಕ್ಕನ ಬೆನ್ನಿಗೆ ಒಂದು ಏಟು ಹಾಕಿ, ದೋಸೆಯನ್ನು ಮತ್ತೆ ಅಪ್ಪನ ತಟ್ಟೆಗೇ ಹಾಕಿದಳು. ತನಗೆ ಹಸಿವೇ ಇಲ್ಲ, ಹೊಗೆ ಕುಡಿದೇ ಹೊಟ್ಟೆ ತುಂಬಿದೆ ಅಂದಳು. ಅಪ್ಪ ಅದನ್ನು ನಿಂತುಕೊಂಡೇ ತಿಂದರು. ಮರಳುವಾಗ, ಎಷ್ಟು ಚೆನ್ನಾಗಾಯಿತು, ಇನ್ನು ಪ್ರತಿ ವರ್ಷವೂ ಹೀಗೇ ಮಾಡೋಣ ಅಂದರು. ಮಾಡಿದರು ಕೂಡ. ಅಮ್ಮನ ರಜೆ ಅಲ್ಲಿಗೆ ಮುಗಿಯಿತು.

ನನಗೆ ಕೆಲಸ ಸಿಕ್ಕಿದ ಮೇಲೆ ಅಮ್ಮನನ್ನೂ ಅಕ್ಕನನ್ನೂ ಶಿವಮೊಗ್ಗದ ಒಂದು ಹೋಟೆಲಿಗೆ ಕರೆದುಕೊಂಡು ಹೋದೆ. ಅಮ್ಮ ಅದೇ ನೇರಳೆ ಸೀರೆ ಉಟ್ಟು ಬಂದಿದ್ದಳು. ಮೊದಲು ಬಂದದ್ದು ಅವಳ ದೋಸೆಯೇ, ಹೊಗೆಯಾಡುತ್ತಿತ್ತು. ತಿನ್ನಮ್ಮ, ತಿನ್ನಮ್ಮ ಎಂದು ಇಬ್ಬರೂ ಹೇಳಿದೆವು. “ಎಲ್ರಿಗೂ ಬರ್ಲಿ ಇರ್ರೇ” ಅಂದಳು. ಕೈ ಮಡಿಲಲ್ಲೇ ಇತ್ತು. ನಮ್ಮಿಬ್ಬರದು ಬರುವಷ್ಟರಲ್ಲಿ ಅವಳದು ಆರಿ ಮೆತ್ತಗಾಗಿತ್ತು. ಅದನ್ನೇ ತಿಂದು, ಬಹಳ ಚೆನ್ನಾಗಿದೆ ಅಂದಳು. ಅಕ್ಕ ಎದ್ದು ಕೈ ತೊಳೆಯುವ ಕಡೆ ಹೋಗಿ ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಈಗ ಹೊಸಮನೆ ಬಡಾವಣೆಯ ಈ ನಮ್ಮ ಮನೆಗೆ ಬನ್ನಿ. ಇಲ್ಲಿ ಗ್ಯಾಸ್ ಇದೆ, ಹಿಟ್ಟು ರುಬ್ಬುವ ಮಿಷನ್ ಇದೆ, ಹಿಟ್ಟು ಅಂಗಡಿಯಲ್ಲೂ ಸಿಗುತ್ತದೆ. ನೀವು ಫೋನ್ ಒತ್ತಿದರೆ ದೋಸೆ ಬಾಗಿಲಿಗೇ ಬರುತ್ತದೆ. ನಿಮ್ಮ ಅಮ್ಮ ಸ್ಕೂಟರ್ ಓಡಿಸುತ್ತಾಳೆ, ಗೆಳತಿಯರ ಜೊತೆ ಹೋಟೆಲಿಗೆ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಕಾಲ ಬದಲಾಯಿತು ಎಂದು ನಾನೂ ನಂಬಿದ್ದೆ. ಆದರೆ ಈ ಭಾನುವಾರ ಅವಳು ಗೆಳತಿಯರ ಜೊತೆ ಹೊರಟಿದ್ದಾಳಲ್ಲ, ನಿನ್ನೆಯಿಂದ ಸಾರು, ಪಲ್ಯ, ಚಪಾತಿ ಮಾಡಿ ಮಾಡಿ ಫ್ರಿಜ್ಜಿಗೆ ತುಂಬುತ್ತಿದ್ದಾಳೆ. ನೀವಿಬ್ಬರೂ ನಮಗೆ ದೋಸೆ ಯಾರು ಮಾಡಿಕೊಡುತ್ತಾರೆ ಅಂತ ಮುಖ ಊದಿಸಿದಿರಿ. ಮೇಲಿಂದ ನಿಮ್ಮ ಅಪ್ಪ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ನಾವೂ ಬರೋಣವಾ, ಎಲ್ಲರೂ ಒಟ್ಟಿಗೆ ಹೋದ ಹಾಗಾಗುತ್ತದೆ ಅಂದ. ನಾನು ಕೂಗಿದ್ದಕ್ಕೆ ಪಕ್ಕದ ಮನೆಯವರು ಬಾಗಿಲಿಗೆ ಬಂದರಲ್ಲ, ಯಾಕೆ ಕೂಗಿದೆ ಅಂತ ಈಗ ಗೊತ್ತಾಯಿತೇ?

ನಿಮ್ಮಮ್ಮ ಗೆಳತಿಯರ ಜೊತೆಗೇ ಹೋಗಲಿ. ಭಾನುವಾರ ನಾನು ಅಡಿಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ, ನೀವಿಬ್ಬರು, ನಿಮ್ಮಪ್ಪ, ಮೂವರೂ ದೋಸೆ ಹೊಯ್ಯುವುದು ಕಲಿಯಿರಿ. ಸಂಜೆ ಅವಳು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕಾವಲಿ ಕಾದಿರಬೇಕು. ಮೊದಲನೆಯದು ಹೇಗೂ ಕಾವಲಿಗೆ ಅಂಟಿಕೊಂಡು ಹರಿದುಹೋಗುತ್ತದೆ, ಅದು ನಿಮ್ಮಪ್ಪನಿಗೆ. ಎರಡನೆಯದನ್ನು ಅವಳ ಮುಂದಿಟ್ಟು, ಅವಳು ಮೊದಲ ತುತ್ತು ಬಾಯಿಗೆ ಇಡುವವರೆಗೆ ಯಾರೂ ತಟ್ಟೆ ಒಡ್ಡಬೇಡಿ.