ವರ್ಷಕ್ಕೆ ನಾಲ್ಕೇ ಕುದುರೆ

ನನ್ನ ಕುದುರೆಯನ್ನು ಮಾವನವರು ಅಮಲ್ದಾರರ ಮಗಳಿಗೆ ಕೊಟ್ಟು ಕಳಿಸಿದಾಗ ನಾನು ಅಡುಗೆಮನೆಯಲ್ಲಿ ಚಕ್ಕುಲಿ ಒತ್ತುತ್ತಿದ್ದೆ. ನಡುಮನೆಯಲ್ಲಿ ದಸರೆಯ ಗೊಂಬೆ ನೋಡಲು ಬಂದವರ ಗಲಾಟೆ. ಮಗುವೊಂದು ಅಳುವುದು ಕೇಳಿಸಿತು. ಆಮೇಲೆ ಅಳು ನಿಂತಿತು. ಪುಣ್ಯಕ್ಕೆ ನಿಂತಿತಲ್ಲ ಎಂದುಕೊಂಡು ನಾನು ಇನ್ನೊಂದು ಚಕ್ಕುಲಿಯನ್ನು ಎಣ್ಣೆಗೆ ಬಿಟ್ಟೆ. ಯಾಕೆ ನಿಂತಿತು ಅನ್ನುವುದು ಆ ಸಂಜೆ ಗೊಂಬೆಗಳ ಮುಂದೆ ದೀಪ ಹಚ್ಚಲು ಹೋದಾಗ ಗೊತ್ತಾಯಿತು. ಕೆಳಗಿನ ಮೆಟ್ಟಿಲಲ್ಲಿ ನೀರು ಕುಡಿಯುವ ಕುದುರೆ ಇದ್ದ ಜಾಗ ಖಾಲಿಯಾಗಿತ್ತು.

ಆ ಕುದುರೆಯ ವಿಷಯ ಹೇಳದಿದ್ದರೆ ನನ್ನ ಸಿಟ್ಟು ಯಾರಿಗೂ ಅರ್ಥವಾಗುವುದಿಲ್ಲ. ಐವತ್ತರ ದಶಕದ ಮೊದಲ ವರ್ಷಗಳು. ನನ್ನ ತವರು ಹುಣಸೂರು, ಅಪ್ಪ ಅಲ್ಲಿನ ಮರದ ಡಿಪೋದಲ್ಲಿ ಗುಮಾಸ್ತ. ಹೊಳೆಯ ಸೇತುವೆಗೆ ಹತ್ತಿರ ಒಬ್ಬ ಆಚಾರಿ ಇದ್ದ. ಬಂಗಲೆಗಳಿಗೆ ಕುರ್ಚಿ, ಮಂಚ ಮಾಡುವುದು ಅವನ ಹೊಟ್ಟೆಪಾಡು. ಆದರೆ ಪ್ರತಿ ವರ್ಷ ದಸರೆಗೆ ಮುಂಚೆ ಉಳಿದ ಬೀಟೆ ಮರದ ತುಂಡುಗಳಲ್ಲಿ ಕುದುರೆ ಕೆತ್ತುತ್ತಿದ್ದ. ಒಂದು ವರ್ಷ ಓಡುವ ಕುದುರೆಯಾದರೆ ಇನ್ನೊಂದು ವರ್ಷ ಮರಿಯ ಜೊತೆ ನಿಂತ ತಾಯಿ ಕುದುರೆ. ಆ ವರ್ಷದ ನಮೂನೆಯನ್ನು ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡು ನಾಲ್ಕೇ ನಾಲ್ಕು ಮಾಡುತ್ತಿದ್ದ. ನಾಲ್ಕನೆಯದು ಮುಗಿದ ಕೂಡಲೇ ರಟ್ಟನ್ನು ಅಂಟು ಕಾಯಿಸುವ ಒಲೆಗೆ ಹಾಕಿಬಿಡುತ್ತಿದ್ದ.

ನಾನು ಲಂಗ ಉಡುವ ಹುಡುಗಿಯಾಗಿದ್ದಾಗ ಒಮ್ಮೆ ಕೇಳಿದ್ದೆ, ಐದು ಯಾಕೆ ಮಾಡಬಾರದು ಅಂತ.

"ಐದ್ನೇದುಕ್ಕೆ ಕೈ ಬ್ಯಾಸ್ರ ಮಾಡ್ಕತದೆ ಕಣವ್ವ. ಬ್ಯಾಸ್ರದಲ್ ಮಾಡುದ್ ಕುದ್ರೆ ಕತ್ತೆ ಆಯ್ತದೆ" ಅಂದಿದ್ದ.

ಅಪ್ಪ ಮೊದಲ ಕುದುರೆಯನ್ನು ತಂದುಕೊಟ್ಟದ್ದು ನನಗೆ ಜ್ವರ ಬಂದು ಮಲಗಿದ್ದಾಗ. ಆಮೇಲೆ ಪ್ರತಿ ವರ್ಷ ಒಂದನ್ನು ಹಟ ಹಿಡಿದು ತರಿಸಿಕೊಂಡೆ. ಇದೇನು ಸುಲಭದ ಕೆಲಸವಲ್ಲ. ಆಚಾರಿ ಯಾರಿಗೂ ಮುಂಚಿತವಾಗಿ ಮಾತು ಕೊಡುತ್ತಿರಲಿಲ್ಲ. ಯಾವಾಗ ಮುಗಿಯುತ್ತದೆ ಎಂದು ಹೇಳುತ್ತಿರಲಿಲ್ಲ. ಅವನ ಅಂಗಳದ ಮುಂದೆ ದಿನಾ ಹಾದು ಹೋಗಿ, ಇಣುಕಿ ನೋಡಿ, ಅವನ ಮುಖ ಗಂಟಾಗಿದ್ದರೆ ಸುಮ್ಮನೆ ವಾಪಸ್ ಬರಬೇಕು. ಒಂದು ವರ್ಷ ಅಪ್ಪ ಮಳೆಯಲ್ಲಿ ಹೋಗಿ ತಲುಪುವ ಹೊತ್ತಿಗೆ ಮೂರು ಹೋಗಿ, ನಾಲ್ಕನೆಯದನ್ನು ಯಾರೋ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರಂತೆ. ಅವರು ಕೆಳಗಿಟ್ಟ ತಕ್ಷಣ ಅಪ್ಪ ಎತ್ತಿಕೊಂಡು ಕೊಡೆ ಬಿಟ್ಟು ಬಂದುಬಿಟ್ಟಿದ್ದರು.

ಆದರೆ ಹೊಸ ಕುದುರೆ ಮನೆಗೆ ಬಂದ ದಿನದ ಸುಖವೇ ಬೇರೆ. ಹಳೇ ಪಂಚೆಯ ತುಂಡಿನಿಂದ ಬಿಡಿಸಿದರೆ ಬೀಟೆಯ ವಾಸನೆ. ಅಂಗೈಯಲ್ಲಿ ಇಟ್ಟುಕೊಂಡರೆ ಜೀವ ಇರುವ ಪ್ರಾಣಿಯ ಹಾಗೆ ಭಾರ. ಅವನು ಮರದ ಕಪ್ಪು ಗೆರೆಗಳನ್ನು ಹೇಗೆ ಹಿಡಿಯುತ್ತಿದ್ದನೋ, ಗೆರೆ ಬೆನ್ನಿನ ಮೇಲಿಂದ ಇಳಿದು ತೊಡೆಯ ಹತ್ತಿರ ತಿರುಗುತ್ತಿತ್ತು. ನೀರು ಕುಡಿಯುವ ಕುದುರೆ ಅವುಗಳಲ್ಲೆಲ್ಲ ನನಗೆ ಹೆಚ್ಚು. ಮುಂಗಾಲು ಸ್ವಲ್ಪ ಅಗಲಿಸಿ, ಕತ್ತು ಪೂರಾ ಬಗ್ಗಿಸಿ ನಿಂತಿತ್ತು. ಒಂದು ಕಿವಿ ಮಾತ್ರ ಹಿಂದಕ್ಕೆ ತಿರುಗಿತ್ತು, ಹಿಂದೆ ಯಾರೋ ಬಂದ ಸದ್ದು ಕೇಳಿದಂತೆ.

ಮದುವೆಯಾಗಿ ಕೆ.ಆರ್. ನಗರಕ್ಕೆ ಬಂದಾಗ ಕುದುರೆಗಳೂ ನನ್ನ ಟ್ರಂಕಿನಲ್ಲಿ ಬಂದವು. ಮಾವನವರದು ಪೇಟೆಯಲ್ಲಿ ದಿನಸಿ ಅಂಗಡಿ. ಮನೆಯವರು ಅಲ್ಲೇ ಜೊತೆಗೆ ಕೂರುತ್ತಿದ್ದರು. ಕುದುರೆಗಳನ್ನು ನೋಡಿ ಎಲ್ಲರೂ ನಕ್ಕರು. "ಇದೇನವ್ವ, ಲಾಯ ಮಾಡ್ಬೇಕಾ?" ಅಂದರು ಅತ್ತೆ. ದಸರೆಯಲ್ಲಿ ಪಟ್ಟದ ಗೊಂಬೆಗಳ ಕೆಳಗೆ, ಕಣ್ಣಿಗೆ ಬೀಳದ ಕೊನೆಯ ಮೆಟ್ಟಿಲಲ್ಲಿ ಒಂದನ್ನು ಇಡಲು ಒಪ್ಪಿಗೆ ಸಿಕ್ಕಿತು. ಆ ಒಂದನ್ನೇ ಅಮಲ್ದಾರರ ಮಗಳು ಕಂಡಳು. ಅಮಲ್ದಾರರೆಂದರೆ ಆಗ ತಾಲ್ಲೂಕಿಗೇ ದೊಡ್ಡ ಸಾಹೇಬರು. ಮಗು ಅತ್ತಿತು, ಮಾವ ಎತ್ತಿ ಕೊಟ್ಟರು.

"ಎಲ್ಲಿ ಕುದುರೆ?" ಎಂದು ನಾನು ಕೇಳಿದಾಗ ಮಾವ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಮಗಾ ಅಳ್ತಿತ್ತು, ಕೊಟ್ಟೆ."

"ಅದು ನಂದು ಮಾವ."

"ನಂದು ನಿಂದು ಅಂತ ಏನವ್ವ ಈ ಮನೇಲಿ? ಒಂದ್ ಮರದ್ ಗೊಂಬೆಗೆ ಇಷ್ಟ್ ರಂಪವಾ? ಇನ್ನೊಂದ್ ತರ್ಸಿದ್ರಾಯ್ತು ಬುಡು."

ಇನ್ನೊಂದು! ಆ ಮಾತಿಗೆ ನನ್ನ ಮೈ ಉರಿದುಹೋಯಿತು. ಇನ್ನೊಂದು ಇಲ್ಲವೆಂಬುದೇ ಅದರ ಹೆಚ್ಚುಗಾರಿಕೆ ಅಂತ ಆ ಮನೆಯಲ್ಲಿ ಯಾರಿಗೆ ಹೇಳುವುದು? ಆ ರಾತ್ರಿ ಊಟಕ್ಕೆ ಬಡಿಸಿ ಒಳಗೆ ಹೋದೆ. ಅತ್ತೆ ಮಾತ್ರ ಪಾತ್ರೆ ಎತ್ತಿಡುವಾಗ "ಕೊಡಕ್ ಮುಂಚೆ ಒಂದ್ ಮಾತ್ ಕೇಳ್ಬೋದಾಗಿತ್ತು" ಎಂದು ಗೋಡೆಗೆ ಹೇಳಿದಂತೆ ಹೇಳಿದರು.

ಮನೆಯವರು ಒಳ್ಳೆಯವರು. ನನ್ನನ್ನು ಸಮಾಧಾನ ಮಾಡಬೇಕೆಂದು ಅಂಗಡಿಯ ಸಾಮಾನು ತರಲು ಮೈಸೂರಿಗೆ ಹೋದವರು ಒಂದು ಕುದುರೆ ತಂದರು. ಸುಣ್ಣದ ಗಾರೆಯದು, ಮೈಯೆಲ್ಲ ಕೆಂಪು ಬಣ್ಣ, ಬೆನ್ನ ಮೇಲೆ ಹಳದಿ ಅಂಗಿಯ ಜಾಕಿ. ಮೂಗಿನ ಹೊಳ್ಳೆಗಳ ಜಾಗದಲ್ಲಿ ಎರಡು ಕರಿ ಚುಕ್ಕೆ.

"ನೋಡು, ಇದು ಅದಕ್ಕಿಂತ ಚೆನ್ನಾಗದೆ. ಬಣ್ಣನೂ ಐತೆ" ಅಂದರು.

"ನೀವೇ ಇಟ್ಕೊಳ್ಳಿ" ಅಂದೆ. ಅವರಿಗೆ ನೋವಾಯಿತು, ಗೊತ್ತು. ನನಗೂ ನೋವಾಗಿತ್ತು.

ದೀಪಾವಳಿಗೆ ತವರಿಗೆ ಹೋದಾಗ ಚೀಲ ಇಳಿಸಿದವಳೇ ಆಚಾರಿಯ ಅಂಗಳಕ್ಕೆ ಹೋದೆ. ಅವನು ಮಂಚದ ಕಾಲು ಉಜ್ಜುತ್ತಿದ್ದ. ಆದದ್ದನ್ನು ಹೇಳಿ, ನೀರು ಕುಡಿಯುವುದನ್ನು ಇನ್ನೊಂದು ಮಾಡಿಕೊಡಬೇಕೆಂದು ಕೇಳಿದೆ.

"ರಟ್ ಸುಟ್ಟಾಕ್ಬುಟ್ಟಿವ್ನಿ."

"ನಿಮ್ಮ ಕೈಗೆ ಗೊತ್ತಿಲ್ವಾ? ರಟ್ಟು ಯಾಕೆ ಬೇಕು?"

"ಕೈಗ್ ಗೊತ್ತೈತೆ. ಮಾಡಾಕಿಲ್ಲ."

"ನನ್ನದೇ ಹೋಗಿದ್ದು. ಇರೋದು ಮತ್ತೆ ನಾಲ್ಕೇ ಆಗುತ್ತಲ್ಲ."

"ಅದೇನ್ ಸತ್ತೋಯ್ತಾ? ಯಾರ್ದೋ ಮನೇಲೈತೆ. ನಾನ್ ಮಾಡುದ್ರೆ ಐದಾಯ್ತದೆ."

ಸಿಟ್ಟಿನಲ್ಲಿ ನನಗೆ ಕಣ್ಣೀರು ಬಂತು. ಅವನು ಹೇಳಿದ್ದು ಸರಿಯೇ. ಅವನು ಅಷ್ಟು ಕಟ್ಟುನಿಟ್ಟಾಗಿದ್ದದ್ದರಿಂದಲೇ ಆ ಕುದುರೆಗೆ ನಾನು ಅಷ್ಟು ಪ್ರಾಣ ಬಿಡುತ್ತಿದ್ದದ್ದು. ಆದರೆ ಅದೇ ಕಟ್ಟು ನನ್ನ ಕುತ್ತಿಗೆಗೆ ಬಂದಾಗ ಅವನ ತಲೆಯ ಮೇಲೆ ಒಂದು ಕೊಡ ನೀರು ಸುರಿಯಬೇಕು ಅನ್ನಿಸಿತು. ಉಳಿದ ಮೂರು ಯಾರಿಗೆ ಹೋದವು ಎಂದಾದರೂ ಹೇಳಿ ಎಂದೆ. ಎರಡು ಬೆಂಗಳೂರಿನ ಕಡೆಯವರಿಗೆ ಹೋದವಂತೆ, ಹೆಸರು ಗೊತ್ತಿಲ್ಲ. ಒಂದು ಪಿರಿಯಾಪಟ್ಟಣದ ಕಡೆ, ಹಾರನಹಳ್ಳಿಯ ಒಬ್ಬ ಜಮೀನ್ದಾರರ ಮನೆಗೆ.

ಅಪ್ಪನನ್ನು ಬಿಡಲಿಲ್ಲ. "ನಡಿ ಮಗಾ, ಹೋಗ್ ಕೇಳ್ಬುಡಾವ. ಇಲ್ಲಾಂದ್ರೆ ನೀನು ನಿದ್ದೆ ಮಾಡಲ್ಲ, ನನಗೂ ಮಾಡಗೊಡಲ್ಲ" ಎಂದು ಬಸ್ಸು ಹತ್ತಿಸಿದರು. ಬಸ್ಸಿಳಿದು ರಾಗಿ ಹೊಲಗಳ ನಡುವೆ ನಡೆದು ಹೋದೆವು. ದೊಡ್ಡ ಮನೆ. ಯಜಮಾನರು ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ತರಿಸಿ, ವಿಷಯ ಕೇಳಿ, "ಓ, ಆ ಕುದ್ರೆಯಾ? ಬನ್ನಿ" ಎಂದು ಒಳಗೆ ಕರೆದುಕೊಂಡು ಹೋದರು.

ಅದು ಉಗ್ರಾಣದ ಬಾಗಿಲಿಗೆ ಒತ್ತಾಗಿ ನಿಂತಿತ್ತು. ಬಾಗಿಲು ಮುಚ್ಚಿಕೊಳ್ಳದಂತೆ ತಡೆಯುವುದಕ್ಕೆ! ಬಗ್ಗಿದ ಕತ್ತು ಹಲಗೆಗೆ ಒತ್ತಿ ಒತ್ತಿ ಹಣೆಯ ಹೊಳಪು ಹೋಗಿತ್ತು. ಕಾಲಿನ ಸಂದಿಯಲ್ಲಿ ರಾಗಿ ಹೊಟ್ಟು. ಒಂದು ಕಿವಿ, ಆ ಹಿಂದಕ್ಕೆ ತಿರುಗಿದ ಕಿವಿಯೇ, ಮುರಿದುಹೋಗಿತ್ತು.

"ಗಾಳಿಗೆ ಬಾಗ್ಲು ಬಡ್ಕತದೆ ಕಣಮ್ಮ. ಇದು ಒಳ್ಳೆ ತೂಕವಾಗೈತೆ, ಅಳ್ಳಾಡಾಕಿಲ್ಲ" ಅಂದರು ಯಜಮಾನರು, ಬಹಳ ಮೆಚ್ಚುಗೆಯಿಂದ.

"ಒಂದು ಕಲ್ಲಿಟ್ಟರೆ ಆಗಲ್ವಾ?"

"ಕಲ್ಲು ಕಾಲಿಗೆ ಎಡುವ್ತದೆ."

ಅಪ್ಪ ಬಹಳ ಮರ್ಯಾದೆಯಿಂದ ಕೊಡುತ್ತೀರಾ ಎಂದು ಕೇಳಿದರು. ಯಜಮಾನರ ಮುಖ ಗಂಭೀರವಾಯಿತು. "ನಮ್ ತಂದೆ ತಂದಿದ್ದ ವಸ್ತು ಸ್ವಾಮಿ. ಅಂಗೆಲ್ಲ ಕೊಡಕಾಯ್ತದಾ?" ಅಂದರು. ತಂದೆಯ ವಸ್ತುವಿನ ಮೇಲೆ ಅಷ್ಟು ಭಕ್ತಿ ಇದ್ದವರು ಅದನ್ನು ಹೊಟ್ಟಿನಲ್ಲಿ ನಿಲ್ಲಿಸಿದ್ದರು! ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿ ಕೂತಿದ್ದರು. ನನಗೆ ಅವರ ಮೇಲೂ ಸಿಟ್ಟು ಬಂತು. ಆದರೆ ಒಂದು ನಿರ್ಧಾರ ಅಲ್ಲೇ ಆಯಿತು. ಬೇರೆಯವರ ಕುದುರೆಗೆ ಯಾಕೆ ಅಲೆಯಬೇಕು? ನನ್ನದು ಕೆ.ಆರ್. ನಗರದಲ್ಲೇ, ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಇದೆಯಲ್ಲ.

ಊರಿಗೆ ಹಿಂದಿರುಗಿದ ಮೇಲೆ ಒಂದು ಬೆಳಿಗ್ಗೆ, ಮಾವ ಮತ್ತು ಮನೆಯವರು ಅಂಗಡಿಗೆ ಹೋದ ಮೇಲೆ, ಗಾರೆಯ ಕುದುರೆಯನ್ನು ಚೀಲದಲ್ಲಿಟ್ಟುಕೊಂಡು ಅಮಲ್ದಾರರ ಮನೆಗೆ ಹೋದೆ. ಅವರ ಹೆಂಡತಿ ಮೈಸೂರಿನವರು. ಕೂರಿಸಿ, ಕಾಫಿ ತರಲೇ ಎಂದರು. ಬೇಡ ಎಂದು, ಬಂದ ಕೆಲಸ ನೇರವಾಗಿ ಹೇಳಿದೆ.

"ದಸರೇಲಿ ನಮ್ಮ ಮಾವ ಒಂದು ಕುದುರೆ ಕೊಟ್ಟರು. ಅದು ಅವರದಲ್ಲ, ನನ್ನದು. ನನ್ನನ್ನ ಕೇಳದೆ ಕೊಟ್ಟರು. ವಾಪಸ್ ಬೇಕು."

"ಮಗುವಿಗೆ ಕೊಟ್ಟಿದ್ದನ್ನ ವಾಪಸ್ ಕೇಳ್ತಿದೀರಾ?"

"ಹೌದು. ಇದನ್ನ ತಂದಿದೀನಿ ಮಗುವಿಗೆ" ಎಂದು ಕೆಂಪು ಕುದುರೆಯನ್ನು ಹೊರತೆಗೆದೆ.

ಅಷ್ಟರಲ್ಲಿ ಒಳಗಿನಿಂದ ಗಡಗಡ ಸದ್ದು. ಹುಡುಗಿ ಹಗ್ಗ ಹಿಡಿದು ಬಂದಳು. ಹಗ್ಗದ ಇನ್ನೊಂದು ತುದಿ ನನ್ನ ಕುದುರೆಯ ಕುತ್ತಿಗೆಯಲ್ಲಿ. ನಾಲ್ಕು ಗೊರಸಿಗೂ ಮೊಳೆ ಹೊಡೆದು ಚಕ್ರ ಕೂರಿಸಿದ್ದರು. ಕಚೇರಿಯ ಜವಾನನ ಕೈಯಲ್ಲಿ ಮಾಡಿಸಿದ್ದಂತೆ, ಆಕೆ ಹೆಮ್ಮೆಯಿಂದಲೇ ಹೇಳಿದರು. ನೀರು ಕುಡಿಯಲು ಬಗ್ಗಿಸಿದ ಮೂತಿ ನೆಲಕ್ಕೆ ತಾಗಿ ತಾಗಿ ಸವೆಯುತ್ತಿತ್ತು.

ನಾನು ಎದ್ದು ಕುದುರೆಯನ್ನು ಎತ್ತಿಕೊಂಡೆ. ಹುಡುಗಿಗೆ ಕೆಂಪು ಕುದುರೆ ಕೊಟ್ಟೆ. ಅವಳು ತಿರುಗಿಸಿ ಅಡಿ ನೋಡಿ, "ಇದಕ್ಕೆ ಚಕ್ರ ಇಲ್ಲ" ಎಂದು ಜೋರಾಗಿ ಅಳಲು ಶುರು ಮಾಡಿದಳು.

"ತಗೊಂಡ್ ಹೋಗಿ" ಅಂದರು ಅಮಲ್ದಾರರ ಹೆಂಡತಿ. "ಇನ್ನು ಈ ಮನೆಗೆ ಬರಬೇಡಿ."

ಬರುವುದಿಲ್ಲ ಎಂದು ಹೇಳಿ ಬಂದೆ. ಬೀದಿಯ ತುದಿಯವರೆಗೂ ಮಗುವಿನ ಅಳು ಕೇಳಿಸುತ್ತಿತ್ತು. ನನ್ನ ಮನಸ್ಸು ಕರಗಬೇಕಿತ್ತೇನೋ. ಕರಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಮಾವನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಚಪ್ಪಲಿ ಬಿಡುವ ಮೊದಲೇ ಕೂಗಿದರು. "ನನ್ ಮಾನ ಕಳುದ್ಬುಟ್ಟೆಯಲ್ಲವ್ವ! ಅಮಲ್ದಾರ್ರ ಮುಂದೆ ನಾನು ಹೆಂಗ್ ತಲೆ ಎತ್ಲಿ?"

"ಮಗು ಅಂಗಡಿಯ ತಕ್ಕಡಿ ಬೇಕು ಅಂತ ಅತ್ತಿದ್ದರೆ ಕೊಡ್ತಿದ್ದಿರಾ ಮಾವ?"

"ತಕ್ಕಡೀಯಾ? ಅದು ನನ್ ಅನ್ನ ಕಣವ್ವ!"

"ಹಾಗೇ ಇದೂ ನಂದು."

ಮಾವನ ಎದುರು ಹಾಗೆ ನಿಂತು ಮಾತಾಡಿದ್ದು ಅದೇ ಮೊದಲು. ಅವರು ಉಣ್ಣದೆ ಎದ್ದು ಹೋದರು. ಆಮೇಲೆ ಬಹಳ ದಿನ ನನ್ನೊಡನೆ ನೇರವಾಗಿ ಮಾತಿಲ್ಲ. ನಾನು ಎದುರಿಗೇ ಲೋಟ ಹಿಡಿದು ನಿಂತಿದ್ದರೂ ಮಗನ ಕಡೆ ತಿರುಗಿ, "ಕಾಫಿ ತಣ್ಗಾಗದೆ ಅಂತ ಹೇಳ್ಲಾ ಅವಳಿಗೆ" ಅನ್ನುವರು. ಅಮಲ್ದಾರರು ಏನು ಮಾಡಿಬಿಡುತ್ತಾರೋ ಎಂಬ ಭಯ ಬೇರೆ. ಅವರು ಏನೂ ಮಾಡಲಿಲ್ಲ. ಒಮ್ಮೆ ಅಂಗಡಿಯ ಮುಂದೆ ಸಿಕ್ಕಾಗ ಬೆಲ್ಲ ಹೇಗಿದೆ ಎಂದು ಕೇಳಿ ಹೋದರಂತೆ. ಮುಂದಿನ ಬೇಸಿಗೆಯಲ್ಲಿ ಅವರಿಗೆ ವರ್ಗವಾಯಿತು. ಮಾವನ ಮಾತೂ ಹಾಗೇ ಮೆಲ್ಲಗೆ ನನ್ನ ಕಡೆ ತಿರುಗಿತು.

ಮನೆಯವರು ಚಕ್ರಗಳನ್ನು ಕಿತ್ತುಕೊಟ್ಟರು. ಗೊರಸುಗಳಲ್ಲಿ ಮೊಳೆಯ ತೂತು ಉಳಿದವು. ದಸರೆಗೆ ಮುಂಚೆ ಹುಣಸೂರಿಗೆ ಹೋದಾಗ ಅವನ್ನು ತುಂಬಿಸಲೆಂದು ಕುದುರೆಯನ್ನು ಆಚಾರಿಗೆ ಒಯ್ದೆ. ಅವನ ಬೆಂಚಿನ ಮೇಲೆ ಆ ವರ್ಷದ ಕುದುರೆ ಇತ್ತು. ಈಗಲೂ ಕಣ್ಣಿಗೆ ಕಟ್ಟಿದೆ: ನೆಲದ ಮೇಲೆ ಬೆನ್ನು ಹಾಕಿ ಹೊರಳುವ ಕುದುರೆ, ನಾಲ್ಕು ಕಾಲೂ ಆಕಾಶಕ್ಕೆ, ಹಲ್ಲು ಕಿರಿದು ಅಷ್ಟು ಖುಷಿಯಾಗಿ ಬಿದ್ದಿತ್ತು. ಅಂಥದನ್ನು ಅವನು ಹಿಂದೆಂದೂ ಮಾಡಿರಲಿಲ್ಲ.

ಅವನು ನನ್ನ ಕುದುರೆಯ ಕಾಲುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಮುಖ ಕಪ್ಪಾಯಿತು.

"ಇದ್ಕೆ ಮೊಳೆ ಒಡ್ದೋರ್ಯಾರು?"

ಎಲ್ಲ ಹೇಳಿದೆ. ನನ್ನ ತಪ್ಪೇನೂ ಇಲ್ಲವೆಂದೂ, ನಾನೇ ಹೋಗಿ ಬಿಡಿಸಿಕೊಂಡು ಬಂದೆನೆಂದೂ ಹೇಳಿದೆ. ಅವನು ಬೀಟೆಯ ಸಣ್ಣ ಬೆಣೆ ಕೆತ್ತಿ, ಅಂಟು ಹಚ್ಚಿ, ತೂತುಗಳನ್ನು ತುಂಬಿದ. ಉಜ್ಜಿ ಮೇಣ ಹಚ್ಚಿ ಕೊಟ್ಟ. ಕೂಲಿ ಬೇಡವೆಂದ. ಆಮೇಲೆ ನಾನು ಹೊರಳುವ ಕುದುರೆಗೆ ಕೈ ಹಾಕಿದೆ.

"ಅದ್ನ ಬುಡವ್ವ. ನಿಮ್ಮನೇಗೆ ಕೊಡಾಕಿಲ್ಲ."

"ಯಾಕೆ?"

"ನಿಮ್ಮನೇಲಿ ಕುದ್ರೆ ನಿಲ್ಲಾಕಿಲ್ಲ."

ಬೇಡಿದೆ, ವಾದ ಮಾಡಿದೆ, ಜೋರು ಮಾಡಿದೆ. ಸಂಜೆ ಅಪ್ಪ ಹೋಗಿ ಕೇಳಿದರು. ಅವನು ಮಂಚದ ಕಾಲು ಉಜ್ಜುತ್ತಲೇ ಇದ್ದನಂತೆ. ನಾಲ್ಕೂ ಬೇರೆಯವರಿಗೆ ಹೋದವು. ಒಂದು ಎಚ್.ಡಿ. ಕೋಟೆಯ ಕಡೆಗೆ ಹೋಯಿತೆಂದು ಮಾತ್ರ ಕೇಳಿದೆ. ಆಮೇಲೆ ಆ ಕಡೆಯ ಯಾವ ಮದುವೆಗೆ ಹೋದರೂ ನಾನು ಊಟಕ್ಕಿಂತ ಮುಂಚೆ ಆ ಮನೆಯ ಬೀರುಗಳ ಒಳಗೆ ಕಣ್ಣಾಡಿಸುತ್ತಿದ್ದೆ. ಸಿಗಲಿಲ್ಲ.

ಕೊಟ್ಟವರು ಮಾವ, ಮೊಳೆ ಹೊಡೆಸಿದವರು ಅಮಲ್ದಾರರ ಮನೆಯವರು. ಅವರಿವರ ಕಣ್ಣಲ್ಲಿ ಕೆಟ್ಟವಳಾಗಿ ಅದನ್ನು ಉಳಿಸಿ ತಂದವಳು ನಾನು. ಶಿಕ್ಷೆ ಮಾತ್ರ ನನಗೆ! ಆಚಾರಿಯ ಮೇಲೆ ನನಗಿರುವ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ, ಆ ಸಿಟ್ಟೂ ಕಡಿಮೆಯಾಗಿಲ್ಲ. ಅದರ ಮರುವರ್ಷ ಅವನು ಎಂದಿನಂತೆ ನನಗೆ ಕುದುರೆ ಕೊಟ್ಟ, ಹಿಂದಿನ ವರ್ಷ ಏನೂ ಆಗಿಲ್ಲವೆಂಬಂತೆ ಪಂಚೆಯ ತುಂಡಿನಲ್ಲಿ ಸುತ್ತಿ ಕೈಗಿಟ್ಟ. ನಾನು ತೆಗೆದುಕೊಂಡೆ. ಚೆನ್ನಾಗಿದೆ ಅಂತ ಮಾತ್ರ ಹೇಳಲಿಲ್ಲ. ಚೆನ್ನಾಗಿಯೇ ಇತ್ತು.